ಪೆಟ್ರೀಷಿಯಾ ಸಾಲು ಕೊನೆಗೂ ತುಂಬಿತು: ಅಸಿಸ್ಟೆಂಟ್ ಕೋಚ್ ಖಾತೆಯ ಹೊಸ ವರದಿ

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನ ಅಸಿಸ್ಟೆಂಟ್ ಕೋಚ್‌ಗಳ ಬಗ್ಗೆ ನಾನು ಇಟ್ಟಿರುವ ಖಾತೆಯಲ್ಲಿ ಈ ಸಾಲು ತುಂಬುವುದೇ ಇಲ್ಲ ಅಂತ ಅನ್ನಿಸಿಬಿಟ್ಟಿತ್ತು. ಈಗ ತುಂಬಿದೆ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ, 2025, ಡಿಫೆನ್ಸಿವ್ ಕೋಆರ್ಡಿನೇಟರ್ (ಎದುರಾಳಿಯನ್ನು ತಡೆಯುವ ಡಿಫೆನ್ಸ್ ಪಡೆಯನ್ನು ನಡೆಸುವ ಕೋಚ್), ಮ್ಯಾಟ್ ಪೆಟ್ರೀಷಿಯಾ. ಆ ಖುಷಿಯಲ್ಲಿ ಇದು ಸ್ವಲ್ಪ ಉದ್ದವಾಗುತ್ತದೆ.

ಖಾತೆಯ ನಿಯಮ ಹಳೆಯದೇ. ಒಂದು ತಂಡ ಹೊಸ ಅಸಿಸ್ಟೆಂಟ್ ಕೋಚ್‌ನನ್ನು ತಂದ ವಾರದಲ್ಲೇ ಅಭಿಮಾನಿಗಳ ವಾದಗಳನ್ನು ಎರಡು ಕಾಲಂಗಳಲ್ಲಿ ಬರೆದು ಬೀಗ ಹಾಕಬೇಕು. ಬೇಕು ಅಂದವರದ್ದು ಒಂದು ಕಡೆ, ಬೇಡ ಅಂದವರದ್ದು ಇನ್ನೊಂದು ಕಡೆ. ಸೀಸನ್ ಮುಗಿದ ಮೇಲೆ ಅಂಕಿ ಹಾಕಿ ಯಾರ ವಾದ ನಿಂತಿತು ಅಂತ ನೋಡಬೇಕು. ಆಮೇಲೆ ಯಾರೂ ತಿದ್ದುವ ಹಾಗಿಲ್ಲ. ಜನವರಿಯಲ್ಲಿ ಎಲ್ಲರಿಗೂ "ನಾನು ಆಗಲೇ ಹೇಳಿದ್ದೆ" ಅನ್ನುವ ಹುಮ್ಮಸ್ಸು ಬರುತ್ತದೆ, ಅದಕ್ಕೇ ಬೀಗ. ಶೀಟ್ ಕಟ್ಟುವುದು, ಸ್ಕ್ರಿಪ್ಟ್ ಓಡಿಸುವುದು ಎಲ್ಲಾ ಬಿಟ್ಟುಬಿಡುತ್ತೇನೆ. ನೀವೂ ಅದನ್ನೇ ಮಾಡುತ್ತಿರುವವರು.

ಫೆಬ್ರವರಿ 2025ರ ವಾದಗಳನ್ನು ಈಗ ಓದಿದರೂ ಬಿಸಿ ಹಾಗೇ ಇದೆ. ತಂಡ ಆಗಷ್ಟೇ ಜನವರಿ 20ರಂದು ಅಟ್ಲಾಂಟಾದಲ್ಲಿ ನಾಟರ್ ಡೇಮ್ ವಿರುದ್ಧ 34-23ರಿಂದ ಗೆದ್ದು ಚಾಂಪಿಯನ್ ಆಗಿತ್ತು. ಪಂದ್ಯಕ್ಕೆ ಸರಾಸರಿ 12.9 ಪಾಯಿಂಟ್ ಮಾತ್ರ ಬಿಟ್ಟುಕೊಟ್ಟ ಡಿಫೆನ್ಸ್, ದೇಶದಲ್ಲೇ ಮೊದಲು. ಆ ಡಿಫೆನ್ಸ್ ನಡೆಸಿದ ಜಿಮ್ ನೋಲ್ಸ್ ಕೆಲವೇ ದಿನಗಳಲ್ಲಿ ಪೆನ್ ಸ್ಟೇಟ್‌ಗೆ ಹೊರಟುಬಿಟ್ಟರು, ವರ್ಷಕ್ಕೆ ಸುಮಾರು 31 ಲಕ್ಷ ಡಾಲರ್ ಅಂತ ವರದಿ ಬಂತು. ಅವರ ಜಾಗಕ್ಕೆ ಹೆಡ್ ಕೋಚ್ ರಯನ್ ಡೇ ತಂದದ್ದು ಪೆಟ್ರೀಷಿಯಾ ಅವರನ್ನು, ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಡೆಟ್ರಾಯ್ಟ್ ಲಯನ್ಸ್ ತಂಡದ ಹೆಡ್ ಕೋಚ್ ಆಗಿದ್ದವರನ್ನು.

ಒಹಾಯೊ ಸ್ಟೇಟ್ ಇರುವ ಊರು ಕೊಲಂಬಸ್‌ನಲ್ಲಿರುವ ನಮ್ಮ ಕನ್ನಡದ ಶನಿವಾರದ ಗುಂಪು ಅವತ್ತೇ ಎರಡಾಯಿತು. "ಗುರು, ಡೆಟ್ರಾಯ್ಟ್‌ನಲ್ಲಿ 13 ಗೆದ್ದು 29 ಸೋತವರನ್ನು ಯಾಕೆ ತಂದರು?" ಅಂತ ಒಬ್ಬರು. "ಲಯನ್ಸ್‌ನಲ್ಲಿ ಅವರು ಹೆಡ್ ಕೋಚ್ ಮಾರಾಯ, ಇಲ್ಲಿ ಕೊಟ್ಟಿರುವುದು ಡಿಫೆನ್ಸ್ ಮಾತ್ರ, ಆ ಕೆಲಸದಲ್ಲಿ ಅವರ ಹತ್ತಿರ ಸೂಪರ್ ಬೌಲ್ ಉಂಗುರಗಳಿವೆ" ಅಂತ ಇನ್ನೊಬ್ಬರು. (ಎನ್‌ಎಫ್‌ಎಲ್ ಫೈನಲ್ ಗೆದ್ದವರಿಗೆ ಸಿಗುವ ಉಂಗುರ ಅದು.) ಬೇಡ ಅಂದವರ ಕಾಲಂನಲ್ಲಿ ಗಟ್ಟಿ ವಾದಗಳಿದ್ದವು. 2004ರಲ್ಲಿ ಎನ್‌ಎಫ್‌ಎಲ್‌ನ ಪೇಟ್ರಿಯಟ್ಸ್ ತಂಡಕ್ಕೆ ಹೋದ ಮೇಲೆ ಅವರು ಕಾಲೇಜ್ ಕಡೆ ಬಂದೇ ಇರಲಿಲ್ಲ. ಹುಡುಗರ ಮನೆಗೆ ಹೋಗಿ ಅಪ್ಪ ಅಮ್ಮನ ಜೊತೆ ಕೂತು ರಿಕ್ರೂಟ್ ಮಾಡಿ ಎರಡು ದಶಕ ಆಗಿತ್ತು. 2022ರಲ್ಲಿ ಪೇಟ್ರಿಯಟ್ಸ್ ಅಫೆನ್ಸ್, ಅಂದರೆ ಪಾಯಿಂಟ್ ಹೊಡೆಯುವ ಪಡೆ, ಅವರ ಕೈಗೆ ಬಂದು ಹಳ್ಳ ಹಿಡಿದದ್ದು ಎಲ್ಲರಿಗೂ ನೆನಪಿತ್ತು. ಬೇಕು ಅಂದವರ ಕಾಲಂನಲ್ಲಿ ಸೂಪರ್ ಬೌಲ್‌ನಲ್ಲಿ ಪೇಟ್ರಿಯಟ್ಸ್‌ನ ಮಾಲ್ಕಮ್ ಬಟ್ಲರ್ ಎದುರಾಳಿಯ ಎಸೆತವನ್ನು ಹಿಡಿದ ಇಂಟರ್‌ಸೆಪ್ಷನ್ ಇತ್ತು, 28-3 ಹಿಂದಿದ್ದು ಅಟ್ಲಾಂಟಾ ಫಾಲ್ಕನ್ಸ್ ವಿರುದ್ಧ ಗೆದ್ದ ಫೈನಲ್ ಇತ್ತು. ಒಬ್ಬರು "ಅವರು ಓದಿದ್ದು ಏರೋನಾಟಿಕಲ್ ಎಂಜಿನಿಯರಿಂಗ್, ನಮ್ಮವರೇ" ಅಂತ ಬರೆಸಿದರು. ಗುಂಪಿನಲ್ಲಿ ಎಂಜಿನಿಯರ್‌ಗಳೇ ಜಾಸ್ತಿ, ಆ ವಾದಕ್ಕೆ ಯಾರೂ ಎದುರಾಡಲಿಲ್ಲ.

ಸರಿ, ಸೀಸನ್ ಮುಗಿಯಿತು. ಅಂಕಿ ಹಾಕುವಾಗ ತಲೆನೋವು ಶುರು.

ಮೇಲ್ನೋಟಕ್ಕೆ ಕೆಲಸವೇ ಇಲ್ಲ ಅನ್ನಿಸುತ್ತದೆ. 14 ಪಂದ್ಯ, ಎದುರಾಳಿಗಳಿಗೆ ಸಿಕ್ಕಿದ್ದು ಒಟ್ಟು 130 ಪಾಯಿಂಟ್, ಸರಾಸರಿ 9.3. ಚಾಂಪಿಯನ್ ತಂಡದ 12.9ಕ್ಕಿಂತ ಕಡಿಮೆ. ಮೊದಲ ಪಂದ್ಯದಲ್ಲೇ ಟೆಕ್ಸಸ್‌ಗೆ ಕೊಟ್ಟಿದ್ದು 7. ಆನ್ ಆರ್ಬರ್‌ನಲ್ಲಿ ಮಿಷಿಗನ್‌ಗೆ 9, ನಾಲ್ಕು ವರ್ಷದ ಸೋಲಿನ ಸಾಲು ಅಲ್ಲಿಗೆ ಮುಗಿಯಿತು. ಒಹಾಯೊ ಸ್ಟೇಟ್ ಆಡುವ ತಂಡಗಳ ಕೂಟ ಬಿಗ್ ಟೆನ್‌ನ ಫೈನಲ್‌ನಲ್ಲಿ ಇಂಡಿಯಾನಾ ವಿರುದ್ಧ ಸೋತರೂ ಬಿಟ್ಟುಕೊಟ್ಟಿದ್ದು 13 ಮಾತ್ರ. ಹಾಗಾದರೆ ಬೇಕು ಅಂದವರು ಗೆದ್ದರು, ಮುಗಿಯಿತು ಅಲ್ವಾ?

ಮುಗಿಯಲಿಲ್ಲ. ಸೀಸನ್‌ನ ಕೊನೆಯ ಪಂದ್ಯ ಕಾಟನ್ ಬೌಲ್ ನೋಡಿ. ಮಯಾಮಿ 24, ಒಹಾಯೊ ಸ್ಟೇಟ್ 14. ಖಾತೆಯಲ್ಲಿ ಪೆಟ್ರೀಷಿಯಾ ಹೆಸರಿಗೆ 24 ಬಿತ್ತು. ಆದರೆ ಅದರಲ್ಲಿ ಒಂದು ಟಚ್‌ಡೌನ್ ಕಿಯಾಂಟೆ ಸ್ಕಾಟ್ ಅವರ ಪಿಕ್-ಸಿಕ್ಸ್. ಒಹಾಯೊ ಸ್ಟೇಟ್‌ನ ಜೂಲಿಯನ್ ಸಾಯಿನ್ ಎಸೆದ ಚೆಂಡನ್ನು ಹಿಡಿದು 72 ಯಾರ್ಡ್ ಓಡಿಬಿಟ್ಟರು. ಆಗ ಡಿಫೆನ್ಸ್ ಮೈದಾನದಲ್ಲೇ ಇರಲಿಲ್ಲ, ಬೆಂಚ್ ಮೇಲೆ ಕೂತಿತ್ತು. ಇನ್ನೊಂದು ಕಡೆ ಗ್ರಾಂಬ್ಲಿಂಗ್ ಪಂದ್ಯ 70-0. ಅದು ಕೆಳಗಿನ ಹಂತದ ತಂಡ, ಆ ಸೊನ್ನೆಯನ್ನು ಟೆಕ್ಸಸ್‌ನ ಏಳರ ಪಕ್ಕ ಇಟ್ಟು ಸರಾಸರಿ ತೆಗೆಯುವುದು ಯಾವ ನ್ಯಾಯ?

ಇದು ನಮ್ಮಂಥವರ ಗೋಳು ಮಾತ್ರ ಅಲ್ಲ. 2023ರಲ್ಲಿ ಅಯೋವಾ ವಿಶ್ವವಿದ್ಯಾಲಯ ತನ್ನ ಅಫೆನ್ಸಿವ್ ಕೋಆರ್ಡಿನೇಟರ್ ಬ್ರಯನ್ ಫೆರೆಂಟ್ಜ್ ಅವರ ಒಪ್ಪಂದದಲ್ಲೇ ಬರೆಯಿತು: ಪಂದ್ಯಕ್ಕೆ ಸರಾಸರಿ 25 ಪಾಯಿಂಟ್ ಬರಬೇಕು, ಕನಿಷ್ಠ 7 ಪಂದ್ಯ ಗೆಲ್ಲಬೇಕು. ಆ 25ರಲ್ಲಿ ಡಿಫೆನ್ಸ್ ಹೊಡೆದ ಟಚ್‌ಡೌನ್ ಕೂಡ ಸೇರುತ್ತಿತ್ತು! ಅಫೆನ್ಸ್ ಕೋಚ್ ಕೆಲಸ ಉಳಿಯಲು ಡಿಫೆನ್ಸ್ ಪಾಯಿಂಟ್ ಹೊಡೆದರೂ ನಡೆಯುತ್ತಿತ್ತು. ಹೆಡ್ ಕೋಚ್ ಕರ್ಕ್ ಫೆರೆಂಟ್ಜ್ ಅವರ ಮಗ ಬೇರೆ, ಹಾಗಾಗಿ ಆ ವರ್ಷ ಅಭಿಮಾನಿಗಳು ಪ್ರತಿ ಶನಿವಾರ ಲೆಕ್ಕ ಹಿಡಿದು ಕೂರುತ್ತಿದ್ದರು. ತಂಡ 10 ಪಂದ್ಯ ಗೆದ್ದಿತು, ಪಾಯಿಂಟ್ 25ರ ಹತ್ತಿರವೂ ಹೋಗಲಿಲ್ಲ, ಸೀಸನ್ ನಡುವೆಯೇ ಅವರು ಮುಂದಿನ ವರ್ಷ ಇರುವುದಿಲ್ಲ ಅಂತ ಪ್ರಕಟವಾಯಿತು.

ಅದಕ್ಕೇ ಪಂದ್ಯದ ಲೆಕ್ಕ ಬಿಟ್ಟು ಡ್ರೈವ್ ಲೆಕ್ಕಕ್ಕೆ ಬಂದೆ. ಚೆಂಡು ಒಂದು ತಂಡದ ಕೈಗೆ ಬಂದಾಗಿನಿಂದ ಕೈಬಿಡುವವರೆಗಿನ ಆಟ ಒಂದು ಡ್ರೈವ್. ಎದುರಾಳಿ ಯಾವ ಯಾರ್ಡ್ ಗೆರೆಯಿಂದ ಶುರು ಮಾಡಿದರು, ಅಲ್ಲಿಂದ ಸಾಮಾನ್ಯ ತಂಡಕ್ಕೆ ಎಷ್ಟು ಪಾಯಿಂಟ್ ಸಿಗುತ್ತದೆ, ಇವರಿಗೆ ಎಷ್ಟು ಸಿಕ್ಕಿತು. ಇಷ್ಟೇ. ಪಿಕ್-ಸಿಕ್ಸ್ ತಾನಾಗಿಯೇ ಹೊರಗೆ ಬಿತ್ತು, ಅದು ಡಿಫೆನ್ಸ್ ಎದುರಿಸಿದ ಡ್ರೈವ್ ಅಲ್ಲವಲ್ಲ. ಪಂಟ್ (ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವುದು) ಹಾಳಾಗಿ ನಮ್ಮ 20 ಯಾರ್ಡ್‌ನಲ್ಲಿ ಚೆಂಡು ಕೊಟ್ಟರೆ ಆ ಭಾರವೂ ಕೋಚ್ ತಲೆ ಮೇಲೆ ಬರುವುದಿಲ್ಲ. ಕೊನೆಯ ಕ್ವಾರ್ಟರ್‌ನಲ್ಲಿ ಪಂದ್ಯ ಮುಗಿದೇ ಹೋಗಿರುವಾಗಿನ ಡ್ರೈವ್‌ಗಳನ್ನು ಕತ್ತರಿಸಿದೆ.

ಡೇಟಾ ಮಾರುವವರ ಬಗ್ಗೆ ಒಂದು ಮಾತು ಹೇಳಲೇಬೇಕು. ದುಡ್ಡು ಕೊಟ್ಟು ತೆಗೆದುಕೊಳ್ಳುವ ಫೈಲ್ ಇದು. ಸೀಸನ್ ಅರ್ಧದಲ್ಲಿ ಕಾಲಂ ಹೆಸರು ಬದಲಾಯಿಸುತ್ತಾರೆ, ಯಾರಿಗೂ ಹೇಳುವುದಿಲ್ಲ. ಇಂಟರ್‌ಸೆಪ್ಷನ್ ಆದ ಆಟದಲ್ಲಿ ಚೆಂಡು ಯಾರ ಕೈಯಲ್ಲಿದೆ ಅನ್ನುವುದೇ ಉಲ್ಟಾ. ಕೆಲವು ಡ್ರೈವ್‌ಗಳಿಗೆ ಗಡಿಯಾರದ ಸಮಯವೇ ಇಲ್ಲ. ಮೇಲ್ ಹಾಕಿದರೆ "ನಿಮ್ಮ ಪ್ರತಿಕ್ರಿಯೆಗೆ ಧನ್ಯವಾದ" ಅಂತ ತಕ್ಷಣ ಉತ್ತರ ಬರುತ್ತದೆ, ಫೈಲ್ ಮಾತ್ರ ಹಾಗೇ ಇರುತ್ತದೆ. ಸಂಜೆಗಳನ್ನು ತಿಂದದ್ದು ಫುಟ್‌ಬಾಲ್ ಅಲ್ಲ, ಈ ಫೈಲ್. ನಿಮಗೂ ಹೀಗೇ ಆಗಿದ್ದರೆ ದಯವಿಟ್ಟು ನೀವೂ ಬರೆಯಿರಿ, ನಾಲ್ಕು ಜನ ಕೇಳಿದರೆ ತಿದ್ದಿಯಾರು.

ಡ್ರೈವ್ ಲೆಕ್ಕ ಸರಿಹೋದ ಮೇಲೂ ದೊಡ್ಡ ಗಂಟು ಬಿಚ್ಚಿರಲಿಲ್ಲ. ಬೇಡ ಅಂದವರು ಈಗ ಬೇರೆ ಮಾತು ಹಿಡಿದರು: "ಡಿಫೆನ್ಸ್‌ನಲ್ಲಿ ಕೇಲಬ್ ಡೌನ್ಸ್, ಸನ್ನಿ ಸ್ಟೈಲ್ಸ್, ಆರ್ವೆಲ್ ರೀಸ್ ಇರುವಾಗ ಯಾರು ಕೋಚ್ ಆದರೇನು?" ಇದು ಸುಮ್ನೆ ಹೇಳಿದ ಮಾತಲ್ಲ. ಒಳ್ಳೆ ಮಳೆ ಬಿದ್ದ ವರ್ಷದ ಫಸಲು ನೋಡಿ ರೈತನನ್ನು ಹೊಗಳಿದ ಹಾಗಾಗುತ್ತದೆ. ಆಟಗಾರರ ಪಾಲು ಎಷ್ಟು, ಕೋಚ್ ಪಾಲು ಎಷ್ಟು? ಹಿಂದಿನ ವರ್ಷದಿಂದ ಉಳಿದ ಆಟಗಾರರ ಸ್ನ್ಯಾಪ್ (ಅವರು ಮೈದಾನದಲ್ಲಿದ್ದು ಆಡಿದ ಒಂದೊಂದು ಆಟ) ಎಣಿಸಿ ಕಳೆಯುವ ವಿಧಾನ ನಿಮಗೆಲ್ಲ ಗೊತ್ತು. ಆ ವಿಧಾನದಲ್ಲಿ ಡೌನ್ಸ್ ಅವರ ಒಂದು ಸ್ನ್ಯಾಪ್ ಮತ್ತು ಬದಲಿ ಆಟಗಾರನ ಒಂದು ಸ್ನ್ಯಾಪ್ ಒಂದೇ ತೂಕ. ಡೌನ್ಸ್ ಆಟ ನೋಡಿದ ಯಾರೂ ಅದನ್ನು ಒಪ್ಪುವುದಿಲ್ಲ.

ಗಂಟು ಬಿಚ್ಚಿದ್ದು ಹಳೆ ಸಾಲುಗಳನ್ನು ತಿರುವಿ ಹಾಕುತ್ತಿದ್ದಾಗ. ಪೆಟ್ರೀಷಿಯಾ ಅವರನ್ನು ಒಂಟಿಯಾಗಿ ಅಳೆಯುವುದು ಯಾಕೆ? ಅವರ ಹಾಗೇ ಕೆಲಸಕ್ಕೆ ಬಂದ ಇನ್ನೊಬ್ಬರನ್ನು ಹುಡುಕಿ ಪಕ್ಕದಲ್ಲಿ ನಿಲ್ಲಿಸಬಹುದಲ್ವಾ? ಸಿಕ್ಕರು: ಬೋ ಪೆಲೀನಿ, ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ), 2020.

ಈ ಜೋಡಿ ನೋಡಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಎಲ್‌ಎಸ್‌ಯು 2019ರಲ್ಲಿ 15-0, ಚಾಂಪಿಯನ್. ಒಹಾಯೊ ಸ್ಟೇಟ್ 2024ರ ಚಾಂಪಿಯನ್. ಮುಂದಿನ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಕಾಲೇಜ್ ಆಟಗಾರರನ್ನು ಆರಿಸುವಾಗ, ಎಲ್‌ಎಸ್‌ಯುನಿಂದ 14 ಆಟಗಾರರು ಹೋದರು, ಒಹಾಯೊ ಸ್ಟೇಟ್‌ನಿಂದಲೂ 14. ಅಲ್ಲಿ ಡಿಫೆನ್ಸಿವ್ ಕೋಆರ್ಡಿನೇಟರ್ ಡೇವ್ ಅರಾಂಡ ಬೇಲರ್‌ಗೆ ಹೆಡ್ ಕೋಚ್ ಆಗಿ ಹೋದರು, ಇಲ್ಲಿ ನೋಲ್ಸ್ ಹೋದರು. ಆದರೆ ಅಭಿಮಾನಿಗಳ ಕಾಲಂ ಪೂರ್ತಿ ತಿರುಗುಮುರುಗು. ಪೆಲೀನಿ ಅಂದರೆ ಎಲ್‌ಎಸ್‌ಯು ಜನಕ್ಕೆ ಪ್ರೀತಿ. 2005ರಿಂದ 2007ರವರೆಗೆ ಅಲ್ಲೇ ಡಿಫೆನ್ಸ್ ನಡೆಸಿದ್ದರು, 2007ರ ಚಾಂಪಿಯನ್‌ಷಿಪ್‌ನಲ್ಲಿ ಅವರ ಪಾಲಿತ್ತು, ನೆಬ್ರಾಸ್ಕಾದಲ್ಲಿ ಹೆಡ್ ಕೋಚ್ ಆಗಿದ್ದರು. ಹಳೆ ಮನೆಮಗ ವಾಪಸ್ ಬಂದ ಅಂತ ಸಂಭ್ರಮ. ಬೇಡ ಅಂದವರ ಕಾಲಂ ಹೆಚ್ಚುಕಡಿಮೆ ಖಾಲಿ.

ಮೊದಲ ಪಂದ್ಯ ಮಿಸಿಸಿಪ್ಪಿ ಸ್ಟೇಟ್. ಅವರ ಕೋಚ್ ಮೈಕ್ ಲೀಚ್ ಅವರದ್ದು ಚೆಂಡು ಎಸೆಯುವ ಪಾಸಿಂಗ್ ಆಟ. ಕೆ.ಜೆ. ಕಾಸ್ಟೆಲೊ 623 ಯಾರ್ಡ್ ಎಸೆದರು, ಆ ತಂಡಗಳ ಕೂಟ ಎಸ್‌ಇಸಿಯ ದಾಖಲೆ, ಎಲ್‌ಎಸ್‌ಯು 44-34ರಿಂದ ಸೋತಿತು. ಎಲ್‌ಎಸ್‌ಯು ಡಿಫೆನ್ಸ್‌ನ ಡೆರೆಕ್ ಸ್ಟಿಂಗ್ಲಿ ಕಾಯಿಲೆ ಬಿದ್ದು ಆ ದಿನ ಆಡಲಿಲ್ಲ, ಅದನ್ನೂ ಬರೆದಿಟ್ಟಿದ್ದೇನೆ. ಆದರೆ ಆಮೇಲೆ ಮಿಸೌರಿಗೆ 45, ಆಬರ್ನ್‌ಗೆ 48, ಅಲಬಾಮಾಗೆ 55. ಹಿಂದಿನ ವರ್ಷ 21.9 ಇದ್ದ ಸರಾಸರಿ 34.9ಕ್ಕೆ ಏರಿತು. ಐದು ಗೆಲುವು, ಐದು ಸೋಲು. ಒಂದೇ ಸೀಸನ್‌ಗೆ ಪೆಲೀನಿ ಹೊರಗೆ.

ಎರಡು ಸಾಲು ಪಕ್ಕಪಕ್ಕ ಇಟ್ಟಾಗ ಕಂಡದ್ದು: ಅಭಿಮಾನಿಗಳು ಎರಡೂ ಸಲ ಮಾತಾಡಿದ್ದು ಬಂದವರ ಬಗ್ಗೆ. ಉಳಿದವರ ಬಗ್ಗೆ ಎರಡೂ ಕಾಲಂಗಳಲ್ಲಿ ಒಂದಕ್ಷರ ಇಲ್ಲ. ಕೊಲಂಬಸ್‌ನಲ್ಲಿ ಮುಂಚೂಣಿಯ ಡಿಫೆನ್ಸಿವ್ ಲೈನ್‌ಗೆ ಕೋಚ್ ಆಗಿ ಲ್ಯಾರಿ ಜಾನ್ಸನ್ ಉಳಿದರು, ಅದರ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗಳಿಗೆ ಜೇಮ್ಸ್ ಲಾರನೈಟಿಸ್, ಹಿಂದಿನ ಸಾಲಿಗೆ ಟಿಮ್ ವಾಲ್ಟನ್ ಮತ್ತು ಮ್ಯಾಟ್ ಗುರಿಯೇರಿ. ಬದಲಾದದ್ದು ಒಂದೇ ಕುರ್ಚಿ. ಎಲ್‌ಎಸ್‌ಯು ಇರುವ ಬೇಟನ್ ರೂಜ್‌ನಲ್ಲಿ ಅರಾಂಡ ಅವರ 3-4 ಪದ್ಧತಿಗೆ (ಲೈನ್‌ನಲ್ಲಿ ಮೂವರು, ಹಿಂದೆ ನಾಲ್ಕು ಲೈನ್‌ಬ್ಯಾಕರ್‌ಗಳು) ಅಂತ ಆರಿಸಿ ತಂದ ಹುಡುಗರನ್ನು 4-3ಕ್ಕೆ ತಿರುಗಿಸಿದರು, ಅದೂ ಕೋವಿಡ್‌ನಿಂದ ಸ್ಪ್ರಿಂಗ್ ಅಭ್ಯಾಸವೇ ನಿಂತುಹೋದ ವರ್ಷ. ಅದಕ್ಕೆ ಖಾತೆಯಲ್ಲಿ ಹೊಸ ಕಾಲಂ ಹಾಕಿದ್ದೇನೆ: "ಏನು ಹಾಗೇ ಉಳಿಯಿತು". ಪೊಸಿಷನ್ ಕೋಚ್‌ಗಳು, ಪದ್ಧತಿ, ಅಭ್ಯಾಸದ ವಾರಗಳು. ನನ್ನ ಮಟ್ಟಿಗೆ ಬಂದವರ ಉಂಗುರಗಳಿಗಿಂತ ಈ ಕಾಲಂ ದೊಡ್ಡದು. ಹಾಗಂತ ಪೆಟ್ರೀಷಿಯಾ ಅವರ ಪಾಲನ್ನು ಕಿತ್ತುಕೊಳ್ಳುವುದಿಲ್ಲ. ಟೆಕ್ಸಸ್ ವಿರುದ್ಧ ಅವರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಆಟಗಾರ) ಆರ್ಚ್ ಮ್ಯಾನಿಂಗ್ ಅವರನ್ನು ನಾಲ್ಕನೇ ಡೌನ್‌ನಲ್ಲಿ, ಅಂದರೆ ಕೊನೆಯ ಯತ್ನದಲ್ಲಿ, ಮತ್ತೆ ಮತ್ತೆ ನಿಲ್ಲಿಸಿದ್ದು ಚೆಂದದ ಕೋಚಿಂಗ್.

ಇದೇ ಕಾಲಂ ನೋಲ್ಸ್ ಕಡೆಗೂ ತಿರುಗಿಸಿ ನೋಡಿದೆ. ಪೆನ್ ಸ್ಟೇಟ್ ಅಭಿಮಾನಿಗಳು ಫೆಬ್ರವರಿಯಲ್ಲಿ ಹಬ್ಬ ಮಾಡಿದ್ದರು. ಅಕ್ಟೋಬರ್‌ನಲ್ಲಿ ಅದುವರೆಗೆ ಒಂದೂ ಗೆಲ್ಲದ ಯುಸಿಎಲ್‌ಎ ಅವರ ಡಿಫೆನ್ಸ್ ಮೇಲೆ 42 ಹೊಡೆಯಿತು. ಮುಂದಿನ ವಾರ ನಾರ್ತ್‌ವೆಸ್ಟರ್ನ್ ವಿರುದ್ಧವೂ ಸೋತು ಹೆಡ್ ಕೋಚ್ ಜೇಮ್ಸ್ ಫ್ರಾಂಕ್ಲಿನ್ ಕೆಲಸ ಹೋಯಿತು. ನವೆಂಬರ್ 1ರಂದು ನೋಲ್ಸ್ ಹಳೆ ಮೈದಾನಕ್ಕೆ ಬಂದಾಗ ಒಹಾಯೊ ಸ್ಟೇಟ್ 38-14ರಿಂದ ಗೆದ್ದಿತು. ಅದೇ ಮನುಷ್ಯ, ಅದೇ ತಲೆ. 2022ರಲ್ಲಿ ಮಿಷಿಗನ್ 45 ಹೊಡೆದಾಗ ಇದೇ ಕೊಲಂಬಸ್ ಜನ ಅವರನ್ನು ಓಡಿಸಿ ಅಂದಿದ್ದರು, ಎರಡು ವರ್ಷದ ನಂತರ ಟ್ರೋಫಿ ತಂದುಕೊಟ್ಟರು.

ಮುಂದಿನ ಕೆಲಸ ಶುರುವಾಗಿಬಿಟ್ಟಿದೆ, ತಡೆಯಲು ಆಗುತ್ತಿಲ್ಲ: ಪ್ರೊ ಕಬಡ್ಡಿಗೆ ಇದೇ ಖಾತೆ. ಬೆಂಗಳೂರು ಬುಲ್ಸ್ ಆರನೇ ಸೀಸನ್ ಗೆದ್ದಾಗ ಹೆಡ್ ಕೋಚ್ ರಣಧೀರ್ ಸಿಂಗ್, ಅಸಿಸ್ಟೆಂಟ್ ನಮ್ಮ ಬಿ.ಸಿ. ರಮೇಶ್. ಮುಂದಿನ ಸೀಸನ್‌ನಲ್ಲಿ ರಮೇಶ್ ಹೆಡ್ ಕೋಚ್ ಆಗಿ ಬೆಂಗಾಲ್ ವಾರಿಯರ್ಸ್‌ಗೆ ಕಪ್ ಕೊಡಿಸಿದರು, ಆಮೇಲೆ ಹತ್ತನೇ ಸೀಸನ್‌ನಲ್ಲಿ ಪುಣೇರಿ ಪಲ್ಟನ್‌ಗೆ. 2025ರಲ್ಲಿ ಬುಲ್ಸ್‌ಗೆ ಹೆಡ್ ಕೋಚ್ ಆಗಿ ವಾಪಸ್ ಬಂದರು. ಅಸಿಸ್ಟೆಂಟ್ ಪಾಲು ಎಷ್ಟು ಅಂತ ಕೇಳಲು ಇದಕ್ಕಿಂತ ಒಳ್ಳೆ ಸಾಲು ಎಲ್ಲಿದೆ? ಕಬಡ್ಡಿಯಲ್ಲಿ ಡ್ರೈವ್ ಬದಲು ರೇಡ್ ಎಣಿಸಬೇಕು, ಅಷ್ಟೇ ವ್ಯತ್ಯಾಸ.

ಅದಕ್ಕೂ ಮೊದಲು ಫುಟ್‌ಬಾಲ್‌ನಲ್ಲಿ ಇನ್ನೊಂದು ಜೋಡಿ ಬೇಕು. ಕ್ಲೆಮ್ಸನ್, ಜನವರಿ 2012. ಆರೆಂಜ್ ಬೌಲ್‌ನಲ್ಲಿ ವೆಸ್ಟ್ ವರ್ಜೀನಿಯಾ 70 ಹೊಡೆದ ಮೇಲೆ ಡಿಫೆನ್ಸಿವ್ ಕೋಆರ್ಡಿನೇಟರ್ ಕೆವಿನ್ ಸ್ಟೀಲ್ ಹೋಗಿ ಒಕ್ಲಹೋಮಾದಿಂದ ಬ್ರೆಂಟ್ ವೆನಬಲ್ಸ್ ಬಂದರು. ಆ ಕಾಲದ ಡ್ರೈವ್ ಫೈಲ್ ನನ್ನ ಹತ್ತಿರ ಇರುವುದು ತೂತು ತೂತು. 2011 ಮತ್ತು 2012ರ ಎಸಿಸಿ (ಕ್ಲೆಮ್ಸನ್ ಆಡುವ ತಂಡಗಳ ಕೂಟ) ಡ್ರೈವ್‌ಗಳು, ಶುರುವಿನ ಯಾರ್ಡ್ ಗೆರೆ ಸಮೇತ, ಯಾರ ಹತ್ತಿರವಾದರೂ ಇದ್ದರೆ ಕಳಿಸಿ. ಬದಲಿಗೆ ಎಲ್‌ಎಸ್‌ಯು 2020ರ ತಿದ್ದಿದ ಫೈಲ್ ಪೂರ್ತಿ ಕೊಡುತ್ತೇನೆ.