ಆ ಕಪ್ಪು ಕೊಳೆಯಲ್ಲ

ನಮ್ಮ ಮನೆಯ ಪಡಸಾಲೆಯಲ್ಲಿ ಕೂತವರು ಚಹಾ ಬರುವುದರೊಳಗಾಗಿ ಕೇಳುವ ಪ್ರಶ್ನೆಯೊಂದಿದೆ. ಗೋಡೆಯ ಮಾಡದಲ್ಲಿರುವ ಎಲೆ-ಅಡಿಕೆಯ ಡಬ್ಬಿಯನ್ನು ಎತ್ತಿಕೊಂಡು, ಅಂಗೈಯಲ್ಲಿ ತೂಗಿ ನೋಡಿ, ಮುಚ್ಚಳದ ಮೇಲೊಮ್ಮೆ ಹೆಬ್ಬೆರಳಾಡಿಸಿ, ಬೆರಳಿಗೆ ಮಸಿ ಹತ್ತಿತೇ ಎಂದು ಪರೀಕ್ಷಿಸಿದ ಮೇಲೆ, “ಇಷ್ಟ ಚಂದ ಬೆಳ್ಳಿ ಕೆಲಸ ಅದ, ಹಿಂಗ್ಯಾಕ ಕರ್ರಗ ಬಿಟ್ಟೀರಿ? ಒಮ್ಮೆ ಪಾಲಿಶ್ ಮಾಡಿಸಬಾರದೇನು?” ಎನ್ನುತ್ತಾರೆ. ಹದಿನೈದು ವರ್ಷಗಳಿಂದ ಇದಕ್ಕೆ ಬಾಯಲ್ಲಿ ಉತ್ತರ ಹೇಳುತ್ತ ಬಂದಿದ್ದೇನೆ. ಇನ್ನು ಸಾಕು, ಬರೆದಿಡುತ್ತೇನೆ. ಮಾಡಿಸಬಾರದು. ಯಾವ ಕಾರಣಕ್ಕೂ ಮಾಡಿಸಬಾರದು.

ನನಗೆ ಸಿಟ್ಟು ಬರುವುದು ಪ್ರಶ್ನೆಗಿಂತ ಹೆಚ್ಚಾಗಿ ಅದರೊಳಗಿನ “ಬಿಟ್ಟೀರಿ” ಎಂಬ ಮಾತಿಗೆ. ಬಿಡುವುದೆಂದರೆ ನೋಡಿಕೊಳ್ಳದೆ ಇರುವುದು. ಪ್ರತಿ ಹುಣ್ಣಿಮೆಗೆ ಮೆತ್ತಗಿನ ಹಳೆಯ ಪಂಚೆಯ ತುಂಡಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿಕೊಂಡು, ಆ ಡಬ್ಬಿಯ ಮೈಯನ್ನೆಲ್ಲ ಒರೆಸಿ, ಆ ಕಪ್ಪನ್ನು ಕಪ್ಪಾಗಿಯೇ ಉಳಿಸಿಕೊಂಡು ಬಂದವಳಿಗೆ “ಬಿಟ್ಟೀರಿ” ಎಂದರೆ ಹೇಗಾಗಬೇಕು? ಕೇಳುವವರಿಗೆ ನಾನು ಹಾಗೆ ಮಾಡುವುದು ಗೊತ್ತಿರುವುದಿಲ್ಲ, ನಿಜ. ಆದರೆ ಒಂದು ವಸ್ತು ಹೀಗೇಕಿದೆ ಎಂದು ತಿಳಿಯುವ ಮೊದಲೇ ಅದು ಕೆಟ್ಟಿದೆ ಎಂದು ತೀರ್ಮಾನಿಸುವ ಅವಸರ ಯಾಕೆ ಬೇಕು?

ಅದು ಬಿದರಿ ಡಬ್ಬಿ, ಸತುವಿನ ಲೋಹದೊಳಗೆ ಬೆಳ್ಳಿ ಕೂರಿಸುವ ಬೀದರಿನ ಕಸುಬಿನದು. ಬಿದರಿ ಎಂದ ಕೂಡಲೇ ದಕ್ಷಿಣದ ಕಡೆಯ ನೆಂಟರು “ಓ, ಬಿದಿರಿನದಾ?” ಎನ್ನುತ್ತಾರೆ. ಬೀದರ್ ಎಂಬ ಊರಿನ ಹೆಸರು ಬಿದಿರಿನಿಂದಲೇ ಬಂದದ್ದೆಂದು ನಮ್ಮಲ್ಲಿ ಹೇಳುವ ರೂಢಿ ಇರುವುದರಿಂದ ಅವರ ಕಿವಿಯನ್ನು ನಾನು ತೀರ ದೂರುವುದಿಲ್ಲ. ಆದರೆ ಅಂಗೈಯಲ್ಲಿ ಅಷ್ಟು ಭಾರದ ಲೋಹ ಕೂತಿರುವಾಗ ಹಾಗೆ ಕೇಳುವುದನ್ನು ಮಾತ್ರ ಒಪ್ಪಲಾರೆ.

ನಮ್ಮ ಡಬ್ಬಿ ನಾಲ್ಕು ಬೆರಳೆತ್ತರದ್ದು, ಗುಂಡಗಿನದು, ಮುಚ್ಚಳ ಸಣ್ಣ ಗುಮ್ಮಟದಂತೆ ಉಬ್ಬಿದೆ. ಗುಮ್ಮಟದ ನೆತ್ತಿಯಿಂದ ಆರು ಬಳ್ಳಿಗಳು ಇಳಿದು ಬರುತ್ತವೆ. ಎಲೆಗಳು ತೆಳು ಬೆಳ್ಳಿ ತಗಡಿನವು, ದೇಟುಗಳು ಕೂದಲೆಳೆಗಿಂತ ತುಸು ದಪ್ಪದ ತಂತಿಯವು. ಬಳ್ಳಿ ಬಾಗುವಲ್ಲಿ ತಂತಿ ಎಲ್ಲಿಯೂ ಮುರಿದಿಲ್ಲ, ಮೇಲೆದ್ದಿಲ್ಲ; ಕಣ್ಣು ಮುಚ್ಚಿ ಬೆರಳಾಡಿಸಿದರೆ ಎಲ್ಲಿ ಬೆಳ್ಳಿ ಮುಗಿದು ಎಲ್ಲಿ ಕಪ್ಪು ಶುರುವಾಯಿತೆಂದು ತಿಳಿಯುವುದಿಲ್ಲ. ಅಪ್ಪ ಬೀದರಿನ ಕಾಲೇಜೊಂದರಲ್ಲಿ ಹನ್ನೊಂದು ವರ್ಷ ಪಾಠ ಹೇಳಿದರು. 1987ರಲ್ಲಿ ಧಾರವಾಡಕ್ಕೆ ವರ್ಗವಾದಾಗ ಜೊತೆಯ ಮಾಸ್ತರರೆಲ್ಲ ಪಟ್ಟಿ ಹಾಕಿ ಇದನ್ನು ಕೊಟ್ಟರು. ಅಪ್ಪ ಅದರಲ್ಲಿ ಅಡಿಕೆ ಇಟ್ಟುಕೊಂಡರು, ಕಡೆಯವರೆಗೂ. ಹಾಗಾಗಿ ಪಾಲಿಶ್‌ ಮಾತಿನ ಬೆನ್ನಿಗೇ ಬರುವ “ಎಷ್ಟಕ್ಕ ತಂದ್ರಿ?” ಎಂಬ ಇನ್ನೊಂದು ಪ್ರಶ್ನೆಗೆ ನನ್ನಲ್ಲಿ ಉತ್ತರವೇ ಇಲ್ಲ.

ಪಾಲಿಶ್‌ ಎಂಬ ಶಬ್ದ ಕೇಳಿದರೆ ನಾನು ಬೆಚ್ಚುವುದಕ್ಕೆ ಒಂದು ಕಾರಣವಿದೆ. ಒಮ್ಮೆ ಆ ಕೆಲಸ ನಡೆದೇ ಹೋಯಿತು. ಅಪ್ಪ ತೀರಿಕೊಂಡ ಮರುವರ್ಷ ದಸರೆಗೆ ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಬಂದಿದ್ದರು. ನಾನು ಸಂತೆಯಿಂದ ಬರುವಷ್ಟರಲ್ಲಿ ದೇವರ ಸಾಮಾನನ್ನೆಲ್ಲ ಹಿತ್ತಲ ಕಟ್ಟೆಯ ಮೇಲೆ ಹರವಿಕೊಂಡು, ಹುಣಸೆಹಣ್ಣು, ಉಪ್ಪು, ತೆಂಗಿನ ನಾರು ಹಿಡಿದು ತಿಕ್ಕುತ್ತ ಕೂತಿದ್ದರು. ತಂಬಿಗೆ, ಸಮೆ, ಆರತಿ ತಟ್ಟೆ ಬಂಗಾರದಂತೆ ಬೆಳಗುತ್ತಿದ್ದವು. ಅವುಗಳ ಪಕ್ಕದಲ್ಲಿ ಬೂದು ಬಣ್ಣದ ಡಬ್ಬಿಯೊಂದು ಬಿಸಿಲಿಗೆ ಒಣಗುತ್ತಿತ್ತು. ಅದು ನಮ್ಮದೆಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆರು ಬಳ್ಳಿಗಳೂ ಕಾಣೆಯಾಗಿದ್ದವು. “ಎಷ್ಟ ವರ್ಷದ ಮಸಿನೋ ಏನೋ ತಂಗೀ, ಮೂರ ಸಲ ತಿಕ್ಕೀನಿ ನೋಡು” ಎಂದು ಕಾಕು ಸಂತೋಷದಿಂದ ಹೇಳಿದರು. ಅವರ ಉಗುರಿನ ಸಂದಿಯಲ್ಲಿ ಆ ಕಪ್ಪು ಇನ್ನೂ ಇತ್ತು. ನಾನು ಒಂದು ಮಾತನ್ನೂ ಆಡಲಿಲ್ಲ. ಒಳಗೆ ಹೋಗಿ ಅಡಿಗೆಮನೆಯ ಬಾಗಿಲು ಹಾಕಿಕೊಂಡು ಅತ್ತೆ. ಕಾಕುವಿನ ತಪ್ಪೇನು? ಮನೆಯಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ನನಗೂ ಅಂದು ಗೊತ್ತಿದ್ದದ್ದು ಇಷ್ಟೇ: ಅಪ್ಪ ಇದನ್ನು ತೊಳೆಯಲು ಬಿಡುತ್ತಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ರಾತ್ರಿ ಬಸ್ಸಿಗೆ ಬೀದರಿಗೆ ಹೋದೆ. ಹಳೆಯ ಊರಿನ ಚೌಬಾರಾ ಎಂಬ ಕಾವಲು ಗೋಪುರದಿಂದ ಒಂದೆರಡು ಓಣಿ ದಾಟಿ, ಉಳಿಯ ಸದ್ದು ಕೇಳಿಸಿದ ಮನೆಯೊಂದರ ಮುಂದೆ ನಿಂತೆ. ಒಳಗಿದ್ದ ಹಿರಿಯರು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಓರೆ ಮಾಡಿ ತಿರುಗಿಸಿ ನೋಡಿ, “ಬೆಳ್ಳಿಗೇನೂ ಆಗಿಲ್ಲವ್ವಾ, ಕರೇದಷ್ಟ ಹೋಗ್ಯಾದ. ಮಣ್ಣ ಇರೋತನ ಕರೇದು ಬರ್ತದ” ಎಂದರು. ಸಂಜೆಯವರೆಗೆ ಅಲ್ಲಿಯೇ ಕೂತೆ. ಬಿದರಿಯ ಬಗ್ಗೆ ನನಗೆ ತಿಳಿದಿರುವ ಬಹುಪಾಲು ವಿಷಯ ಆ ದಿನದ್ದು.

ಮೂಲ ಲೋಹದಲ್ಲಿ ಬಹುಪಾಲು ಸತು, ಅದಕ್ಕೆ ಸ್ವಲ್ಪ ತಾಮ್ರ. ಹದಿನಾರಕ್ಕೆ ಒಂದು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುವುದರಿಂದ ಓಣಿಯ ಮನೆಯೊಳಗಿನ ಸಣ್ಣ ಕುಲುಮೆಯೇ ಸಾಲುತ್ತದೆ. ಅಚ್ಚಿನಿಂದ ಬಂದ ಒರಟು ಪಾತ್ರೆಗೆ ಅರ ಹಾಕಿ ನುಣುಪು ಮಾಡಿ, ಮೈಲುತುತ್ತಿನ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಚೂಪಾದ ಸೂಜಿಯಿಂದ ಗೀರಿದ ಗೆರೆ ಕಣ್ಣಿಗೆ ಕಾಣಬೇಕಲ್ಲ, ಅದಕ್ಕೆ. ಆ ಗೆರೆಯ ಮೇಲೆ ಸಣ್ಣ ಉಳಿಗಳಿಂದ ಕೆತ್ತುತ್ತ ಹೋಗುತ್ತಾರೆ. ಬೆಳ್ಳಿಯನ್ನು ಅಲ್ಲಿ ಅಂಟಿಸುವುದೂ ಇಲ್ಲ, ಬೆಸೆಯುವುದೂ ಇಲ್ಲ. ಗೀರಿನೊಳಕ್ಕೆ ತಂತಿಯನ್ನೋ ತಗಡನ್ನೋ ಕೂರಿಸಿ ಸುತ್ತಿಗೆಯಿಂದ ತಟ್ಟುತ್ತಾರೆ, ಗೀರಿನ ಅಂಚುಗಳೇ ಅದನ್ನು ಕಚ್ಚಿ ಹಿಡಿಯುತ್ತವೆ. ತಂತಿಯ ಕೆಲಸಕ್ಕೆ ತಾರಕಶಿ ಎಂದೂ ತಗಡಿನ ಕೆಲಸಕ್ಕೆ ತಹನಿಶಾನ್ ಎಂದೂ ಹೆಸರು. ನಮ್ಮ ಡಬ್ಬಿಯಲ್ಲಿ ಎರಡೂ ಇವೆ.

ಇದರ ಮುಂದಿನ ಹಂತ ನನ್ನನ್ನು ಅಲುಗಾಡಿಸಿತು. ಬೆಳ್ಳಿ ಕೂರಿಸಿದ ಮೇಲೆ ಇಡೀ ಪಾತ್ರೆಯನ್ನು ಮತ್ತೊಮ್ಮೆ ಉಜ್ಜಿ ನುಣುಪು ಮಾಡುತ್ತಾರೆ. ಮೈಲುತುತ್ತಿನ ಕಪ್ಪು ಆಗ ಪೂರ್ತಿ ಹೋಗಿಬಿಡುತ್ತದೆ. ಬೂದು ಸತು, ಅದರೊಳಗೆ ಬಿಳಿ ಬೆಳ್ಳಿ. ದಿನಗಟ್ಟಲೆ ಕೆತ್ತಿದ ಹೂಬಳ್ಳಿ ಕಣ್ಣಿಗೆ ಕಾಣಿಸುವುದೇ ಇಲ್ಲ. ಆ ಹಂತದ ಹೂದಾನಿಯೊಂದು ಅವರ ಮಗ್ಗುಲಲ್ಲಿತ್ತು. ನನ್ನ ಟವೆಲಿನಲ್ಲಿದ್ದ ಡಬ್ಬಿಯ ಬಣ್ಣವೂ ಅದೇ. ಕಾಕು ಡಬ್ಬಿಯನ್ನು ಹಾಳು ಮಾಡಿರಲಿಲ್ಲ, ಅದು ಹುಟ್ಟುವ ಹಿಂದಿನ ದಿನಕ್ಕೆ ಒಯ್ದು ನಿಲ್ಲಿಸಿದ್ದರು.

ಆ ಹಿರಿಯರು ಮೂಲೆಯ ಮಡಕೆಯಿಂದ ಒಂದು ಹಿಡಿ ಮಣ್ಣು ತೆಗೆದರು. ನೋಡಿದರೆ ಸಾದಾ ಮಣ್ಣು, ಮಾಸಲು ಬಣ್ಣದ್ದು, ಪುಡಿಪುಡಿ. ಒಂದು ಚಿಟಿಕೆಯನ್ನು ನಾಲಿಗೆಯ ತುದಿಗೆ ಇಟ್ಟುಕೊಂಡು, ಒಂದು ಕ್ಷಣ ಸುಮ್ಮನಿದ್ದು, ಉಗುಳಿ, ತಲೆಯಾಡಿಸಿದರು. ಬೀದರ್ ಕೋಟೆಯೊಳಗೆ ಬಿಸಿಲೂ ಮಳೆಯೂ ತಲುಪದ ಹಳೆಯ ಕಟ್ಟಡಗಳ ಅಡಿಯಿಂದ ತಂದ ಮಣ್ಣದು. ಮಳೆ ಬಿದ್ದ ನೆಲದಲ್ಲಿ ಉಪ್ಪಿನ ಅಂಶ ತೊಳೆದು ಹೋಗುತ್ತದೆ. ಮರೆಯಲ್ಲಿ ಉಳಿದ ಮಣ್ಣಿನಲ್ಲಿ ಪೆಟ್ಲುಪ್ಪು ನಿಂತಿರುತ್ತದೆ. ಅದು ಇದೆಯೋ ಇಲ್ಲವೋ ಎಂಬುದನ್ನು ನಾಲಿಗೆ ಹೇಳುತ್ತದೆ. ಮಣ್ಣನ್ನೂ ನವಸಾಗರವೆಂಬ ಲವಣವನ್ನೂ ನೀರಿಗೆ ಹಾಕಿ ಕುದಿಸಿ, ಡಬ್ಬಿಯನ್ನು ಅದರಲ್ಲಿ ಮುಳುಗಿಸಿ ಆಡಿಸುತ್ತ ನಿಂತರು. ಹೊರಗೆ ಬಂದಾಗ ಕೆಸರು ಮೆತ್ತಿಕೊಂಡ ಉಂಡೆಯಂತಿತ್ತು. ಬಕೆಟ್ಟಿನ ನೀರಿನಲ್ಲಿ ಅದ್ದಿದರು. ಆರು ಬಳ್ಳಿಗಳೂ ಒಮ್ಮೆಲೇ ಎದ್ದು ಬಂದವು. ಸತು ಕಾಡಿಗೆಯಂತೆ ಕಪ್ಪಾಗಿತ್ತು, ಬೆಳ್ಳಿಗೆ ಅದೇ ನೀರು, ಅದೇ ಮಣ್ಣು ಏನನ್ನೂ ಮಾಡಿರಲಿಲ್ಲ. ಎಣ್ಣೆ ಸವರಿದ ಮೇಲೆ ಕಪ್ಪು ಇನ್ನೂ ಆಳವಾಯಿತು.

ನನಗೆ ಬೇಕಾದ ಪ್ರಶ್ನೆ ಇಲ್ಲಿದೆ. ಈ ಕಪ್ಪು ಎಲ್ಲಿಂದ ಬಂತು ಎಂದು ಒಬ್ಬರಾದರೂ ಕೇಳಿದ್ದರೆ ಚಹಾ ಆರಿದರೂ ಚಿಂತೆಯಿಲ್ಲವೆಂದು ಕೂತು ಹೇಳುತ್ತಿದ್ದೆ. ಎಲ್ಲರ ಕಣ್ಣೂ ಬೆಳ್ಳಿಯ ಮೇಲೆ. ಬೆಳ್ಳಿ ಯಾವ ಊರಿನ ಪೇಟೆಯಲ್ಲಿಯೂ ಸಿಗುತ್ತದೆ, ಕಪ್ಪು ಮಾತ್ರ ಬೀದರಿನ ನೆಲದ್ದು. ಬಹಮನಿ ಸುಲ್ತಾನ ಅಹಮದ್ ಶಾಹ 15ನೆಯ ಶತಮಾನದ ಮೊದಲರ್ಧದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದು, ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ ಆ ಕೋಟೆಯನ್ನು ಕಟ್ಟಿಸಿದ. ಇರಾನಿನ ಕಡೆಯಿಂದ ಬಂದ ಕಸುಬುದಾರರ ಕೈಯೂ ಇಲ್ಲಿನವರ ಕೈಯೂ ಕೂಡಿ ಈ ಕಲೆ ಬೆಳೆಯಿತೆಂದು ಊರವರು ಹೇಳುತ್ತಾರೆ. ಆ ಕೋಟೆಯ ಗೋಡೆಗಳ ನೆರಳಿನಲ್ಲಿ ಶತಮಾನಗಟ್ಟಲೆ ಮಳೆ ಕಾಣದೆ ಉಳಿದ ಮಣ್ಣು ಇವತ್ತು ನನ್ನ ಮನೆಯ ಮಾಡದಲ್ಲಿ, ಒಂದು ಅಡಿಕೆ ಡಬ್ಬಿಯ ಮೈಮೇಲೆ ತನ್ನ ಬಣ್ಣ ಬಿಟ್ಟುಹೋಗಿದೆ. ಅದನ್ನು ತಿಕ್ಕಿ ತೆಗೆಯಿರಿ ಎನ್ನುತ್ತೀರಿ.

ಬೆಳ್ಳಿ ಎಷ್ಟು ಗ್ರಾಂ ಇದ್ದೀತೆಂದು ಅಂದಾಜು ಕಟ್ಟುವವರೂ ಇದ್ದಾರೆ. ಬಹಳ ಇಲ್ಲ. ತೆಗೆದು ತೂಗಿ ಮಾರಿದರೆ ನಿಮ್ಮ ಬಸ್ ಚಾರ್ಜು ಹುಟ್ಟಬಹುದು. 2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. 2023ರಲ್ಲಿ ಬೀದರಿನ ಶಾಹ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ನಾನು ಪತ್ರಿಕೆಯ ಆ ಪುಟವನ್ನು ಕತ್ತರಿಸಿ ಡಬ್ಬಿಯ ಕೆಳಗೆ ಮಡಿಸಿಟ್ಟೆ. ಆದರೂ ಈ ಕೆಲಸವನ್ನು ಬೆಳ್ಳಿಯ ತೂಕದಿಂದಲೇ ಅಳೆಯುವ ಚಟ ನಮ್ಮವರಿಗೆ ಹೋಗಿಲ್ಲ. ಆ ದಿನ ಬೀದರಿನಲ್ಲಿ ನಾನು ನೋಡುತ್ತಿದ್ದಂತೆಯೇ ಅಂಗಡಿಗೆ ಬಂದ ಗಿರಾಕಿಯೊಬ್ಬರು ಕಿವಿಯೋಲೆಯ ಜೋಡಿಯೊಂದನ್ನು ಹಿಡಿದು ಬೆಳ್ಳಿಯ ದರ ಹಾಕಿ ಲೆಕ್ಕ ಮಾಡಿ ಚೌಕಾಸಿಗೆ ನಿಂತರು. ಹಿರಿಯರು ವಾದಿಸಲಿಲ್ಲ. ಓಲೆಯನ್ನು ಮೆಲ್ಲಗೆ ಹಿಂದಕ್ಕೆ ಪಡೆದು, ಹತ್ತಿಯಲ್ಲಿ ಸುತ್ತಿ, ಡಬ್ಬದಲ್ಲಿಟ್ಟು, ಮತ್ತೆ ಉಳಿ ಹಿಡಿದರು. ಕಣ್ಣಿಗೆ ಕನ್ನಡಕ, ಅದರ ಮೇಲೊಂದು ಭೂತಗನ್ನಡಿ. ಬಲಗೈ ತೋರುಬೆರಳಿನ ಮೊದಲ ಗಿಣ್ಣು ಉಳಿ ಒತ್ತಿ ಒತ್ತಿ ಒಂದು ಪಕ್ಕಕ್ಕೆ ಬಾಗಿತ್ತು. ನನ್ನಿಂದ ಅವರು ಕಪ್ಪು ಹಾಕಿದ್ದಕ್ಕೆ ಕೇಳಿದ ಹಣವನ್ನು ಹೇಳಲು ನನಗೆ ಸಂಕೋಚವಾಗುತ್ತದೆ, ಅಷ್ಟು ಕಡಿಮೆ. ಹೆಚ್ಚಿಗೆ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಕಡೆಗೆ ಒಂದು ಸಣ್ಣ ತಟ್ಟೆ ಕೊಂಡೆ, ಅವರು ಹೇಳಿದ ಬೆಲೆಗೆ.

ಹೊರಡುವಾಗ ಅವರು ಒಂದು ವಿಷಯ ತೋರಿಸಿದರು. ಡಬ್ಬಿಯ ತಳದ ಅಂಚಿನಲ್ಲಿ ಒಂದು ಎಲೆಯ ಬೆಳ್ಳಿ ಎದ್ದುಹೋಗಿದೆ. ತಿಕ್ಕಿದಾಗ ಹೋಯಿತೋ, ಅಪ್ಪನ ಕಾಲದಲ್ಲೇ ಹೋಗಿತ್ತೋ. ಹೊಸ ತಗಡು ಕೂರಿಸಿ ಕೊಡುತ್ತೇನೆ, ಅರ್ಧ ಗಂಟೆಯ ಕೆಲಸ ಎಂದರು. ನಾನು ಬೇಡವೆಂದೆ. ಆ ಖಾಲಿ ಜಾಗದೊಳಕ್ಕೆ ಇಣುಕಿದರೆ ಉಳಿಯ ಒಂದೊಂದು ಪೆಟ್ಟೂ ಕಾಣುತ್ತದೆ. ಸಾಸಿವೆಯಷ್ಟಗಲದ ಆ ಎಲೆಗೆ ಹನ್ನೆರಡು ಪೆಟ್ಟು ಹಾಕಿದ್ದಾರೆ, ಎಣಿಸಿದ್ದೇನೆ.

ಈಗ ಯಾರಾದರೂ ಡಬ್ಬಿ ಎತ್ತಿಕೊಂಡು ಪಾಲಿಶ್‌ ಮಾತು ತೆಗೆದರೆ, ಮಾಡದ ಪಕ್ಕದ ಕುರ್ಚಿಯಲ್ಲಿ ಕಾಕು ಕೂತಿದ್ದ ಪಕ್ಷಕ್ಕೆ ನಾನು ಬಾಯಿ ಬಿಡುವ ಅಗತ್ಯವೇ ಬೀಳುವುದಿಲ್ಲ. “ಇಡ್ರಿ ಕೆಳಗ” ಎನ್ನುತ್ತಾರೆ ಅವರು, “ಅದು ಕೋಟೆ ಮಣ್ಣು.”