ಪ್ಲೇಗಿನ ಕಾಲದ ಪ್ರೇಮಕಥೆ: ಮುನಿಯಮ್ಮನ ಬಗ್ಗೆ ಓದಿದವರು ಏನಂದರು

ನಾನು ಬರೆಯುತ್ತಿರುವ ಕಾದಂಬರಿಯ ಕರಡು ಓದೋಕೆ ಕೊಟ್ಟಿದ್ದವರೆಲ್ಲ ಅಭಿಪ್ರಾಯ ಕಳಿಸಿದ್ದಾರೆ. ಹಾಗಾಗಿ ಈ ಸಲ ಹೊಸ ಅಧ್ಯಾಯದ ಸುದ್ದಿ ಕಮ್ಮಿ, ಅವರ ಮಾತು ಜಾಸ್ತಿ.

ಮೊದಲ ಸಲ ಓದುತ್ತಿರುವವರಿಗೆ ಕಥೆ ಇಷ್ಟು. 1898ರ ಬೆಂಗಳೂರು. ಆಗಸ್ಟ್‌ನಲ್ಲಿ ಊರಿಗೆ ಪ್ಲೇಗ್ ಕಾಲಿಟ್ಟಿದೆ. ಮುನಿಯಮ್ಮನಿಗೆ 42 ವರ್ಷ, ಗಂಡ ಸತ್ತು ಬಹಳ ಕಾಲವಾಗಿದೆ, ಮುಖದ ತುಂಬ ಸಿಡುಬಿನ ಕಲೆ, ಸಂಪಂಗಿ ಕೆರೆ ಹತ್ತಿರ ಸೊಪ್ಪಿನ ತೋಟ. ಬೆಳಿಗ್ಗೆ ಪೇಟೆಯಲ್ಲಿ, ಆಮೇಲೆ ದಂಡಿನಲ್ಲಿ (ಕಂಟೋನ್ಮೆಂಟ್) ಸೊಪ್ಪು ಮಾರುತ್ತಾಳೆ. ಅಂದಾನಿಗೆ 35, ಮಳವಳ್ಳಿ ಕಡೆಯವನು, ಮಾತಾಡುವಾಗ ಉಗ್ಗುತ್ತಾನೆ. ಪ್ಲೇಗ್ ಬಂದ ಮನೆಗಳಿಗೆ ಸುಣ್ಣ ಹೊಡೆಯುವ ಕೂಲಿ.

ನಿರೀಕ್ಷೆ ಇದ್ದ ಹಾಗೇ ಮೊದಲ ತಕರಾರು ವಯಸ್ಸಿನದು. ಆಫೀಸಿನ ಗೆಳತಿ ನೇರವಾಗಿ ಹೇಳಿದಳು, "ಅವಳನ್ನ 28 ಮಾಡಿಬಿಡು, ಮಿಕ್ಕಿದ್ದೆಲ್ಲ ಹಾಗೇ ಇರಲಿ." ಇನ್ನೂ ಒಂದಿಬ್ಬರು ಇದನ್ನೇ ಸುತ್ತಿ ಬಳಸಿ ಹೇಳಿದರು. ಮಾಡಲ್ಲ. ಕಾರಣ ಇದೆ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ನುಂಗಿದ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ರಾಜ್ಯದ ಜನರಲ್ಲಿ ಸುಮಾರು ಐದನೇ ಒಂದು ಪಾಲು ಹೋಗಿಬಿಟ್ಟರು. 28ರ ಹೆಂಗಸಿಗೆ ಆಗ ಆರೋ ಎಂಟೋ ವರ್ಷ. ಮುನಿಯಮ್ಮನಿಗೆ 20 ದಾಟಿತ್ತು, ಕಂಕುಳಲ್ಲಿ ಮಗು ಇತ್ತು, ಆ ಮಗು ಉಳಿಯಲಿಲ್ಲ. ಪ್ಲೇಗ್ ಬಂದಾಗ ಇಡೀ ಬೀದಿ ಗಂಟು ಮೂಟೆ ಕಟ್ಟುತ್ತಿದ್ದರೆ ಇವಳು ಮೆಂತ್ಯ ಬಿತ್ತುತ್ತಾಳಲ್ಲ, ಆ ಧೈರ್ಯ ಎಲ್ಲಿಂದ ಬಂತು ಅಂದರೆ ಅಲ್ಲಿಂದ. ವಯಸ್ಸು ಇಳಿಸಿದರೆ ಅವಳು ಬೇರೆಯೇ ಹೆಂಗಸಾಗುತ್ತಾಳೆ.

ಆದರೆ ತಕರಾರನ್ನು ಹಾಗೇ ತಳ್ಳಿಹಾಕೋಕೂ ಮನಸ್ಸಾಗಲಿಲ್ಲ. ಯಾವ ಪುಟದಲ್ಲಿ ವಯಸ್ಸು ಅಡ್ಡ ಬಂತು ಅಂತ ಒಬ್ಬೊಬ್ಬರನ್ನೇ ಕೇಳಿದೆ. ಎಲ್ಲರೂ ಒಂದೇ ಜಾಗ ತೋರಿಸಿದರು: ಅವಳು ಅಂದಾನಿಗೆ ಮುದ್ದೆ ಬಡಿಸುವ ಸಂಜೆ. ಅಲ್ಲಿಯವರೆಗೆ ಯಾರಿಗೂ 42 ಅನ್ನೋದು ನೆನಪೂ ಬಂದಿರಲಿಲ್ಲವಂತೆ. ಚಿಕ್ಕಮ್ಮ ಅದನ್ನು ಬಿಡಿಸಿ ಹೇಳಿದರು: "ಅವನು ಇವಳನ್ನ ನೋಡೋದು ಬರೆದಿದ್ದೀಯ, ಇವಳು ಅವನನ್ನ ನೋಡೋದು ಎಲ್ಲಿ? ನಮ್ಮ ವಯಸ್ಸಿನವರು ಕಣ್ಣು ಮುಚ್ಕೊಂಡು ಓಡಾಡ್ತೀವಾ?" ಈ ಮಾತು ಕೇಳಿ ನನಗೆ ನಿಜವಾಗಲೂ ಖುಷಿಯಾಯಿತು. ಆ ಸಂಜೆಯ ಭಾಗವನ್ನು ಈಗ ಪೂರ್ತಿ ಅವಳ ಕಣ್ಣಿನಿಂದ ಬರೆಯುತ್ತಿದ್ದೇನೆ. ಸುಣ್ಣ ತಿಂದು ಸೀಳಿರುವ ಅವನ ಬೆರಳು, ಆ ಬೆರಳಲ್ಲಿ ಬಿಸಿ ಮುದ್ದೆ ಮುರಿಯೋಕೆ ಒದ್ದಾಡುವುದು, ಅವಳು ಏನೂ ಕೇಳದೆ ಅಂಗೈಗೆ ಹರಳೆಣ್ಣೆ ಸುರಿಯುವುದು.

ಎಲ್ಲರಿಗೂ ಹಿಡಿಸಿದ ಭಾಗ ಹೆಂಚಿನದು. ಆಗ ಪ್ಲೇಗ್ ತಾಕಿದ ಮನೆಯ ಸೂರು ಬಿಚ್ಚಿ ಒಳಗೆ ಬಿಸಿಲು ಬೀಳಿಸುತ್ತಿದ್ದರು, ಸುಣ್ಣ ಹೊಡೆಸುತ್ತಿದ್ದರು, ಸಾಮಾನೆಲ್ಲ ಬೀದಿಗೆ ಬರುತ್ತಿತ್ತು. ಜನ ಕಾಯಿಲೆಗೆ ಹೆದರಿದಷ್ಟೇ ಈ ಕೆಲಸಕ್ಕೆ ಬರುವ ಗುಂಪಿಗೂ ಹೆದರುತ್ತಿದ್ದರು. ಅಂದಾನಿ ಮುನಿಯಮ್ಮನ ಮನೆ ಮೇಲೆ ಹತ್ತಿ ಹೆಂಚು ಇಳಿಸುತ್ತಿದ್ದಾನೆ. ಅವಳು ಅಂಗಳದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತು ಒಂದೊಂದನ್ನೂ ಎಣಿಸುತ್ತಾಳೆ, ಗಟ್ಟಿಯಾಗಿ, ಬೀದಿಗೆಲ್ಲ ಕೇಳುವ ಹಾಗೆ. ಒಂದು ಒಡೆಯುತ್ತದೆ. ಅವನು ಮಾರನೇ ದಿನ ಎಲ್ಲಿಂದಲೋ ಒಂದು ಹೆಂಚು ತಂದು ಬಾಗಿಲಲ್ಲಿ ಇಟ್ಟು ಮಾತಾಡದೆ ಹೋಗುತ್ತಾನೆ. ಪ್ರೀತಿ ಶುರುವಾಗೋದು ಅಲ್ಲಿ. ಓದಿದವರಲ್ಲಿ ಹೈಸ್ಕೂಲ್ ಮೇಷ್ಟ್ರೊಬ್ಬರಿದ್ದಾರೆ, ಅವರು ಕೇಳಿದ್ದು ಮಂಗಳೂರು ಹೆಂಚಾ ನಾಡಹೆಂಚಾ ಅಂತ. ನಾಡಹೆಂಚೇ. ಮಂಗಳೂರು ಹೆಂಚು 1860ರ ದಶಕದಿಂದಲೇ ತಯಾರಾಗುತ್ತಿತ್ತು ನಿಜ, ಆದರೆ ಸೊಪ್ಪು ಮಾರುವವಳ ಮನೆಗೆ ಕುಂಬಾರ ಮಾಡಿದ ಅರೆದುಂಡನೆ ಹೆಂಚೇ ಸರಿ.

ಅಂದಾನಿಯ ಮಾತಿನ ಬಗ್ಗೆ ಬಂದ ಟಿಪ್ಪಣಿ ಈ ಕರಡಿಗೆ ಸಿಕ್ಕ ಅತಿ ದೊಡ್ಡ ಉಪಕಾರ. ಗೆಳೆಯನೊಬ್ಬ ಚಿಕ್ಕಂದಿನಿಂದ ಉಗ್ಗುತ್ತಾನೆ, ಬೇಕು ಅಂತಲೇ ಅವನಿಗೆ ಓದಲು ಕೊಟ್ಟಿದ್ದೆ. ಅಕ್ಷರ ಒಡೆದು "ನ-ನ-ನಾನು" ಅಂತ ಪುಟ ತುಂಬಾ ಬರೆಯಬೇಡ ಅಂದ. ಉಗ್ಗುವವರು ತಡೆಯುವ ಪದವನ್ನು ದೂರದಿಂದಲೇ ಗುರುತಿಸಿ ಸುತ್ತು ಹಾಕಿ ಹೋಗುತ್ತಾರಂತೆ, ಅದಕ್ಕೆ ಬದಲಿ ಪದ ಸದಾ ಸಿದ್ಧವಾಗಿ ಇಟ್ಟುಕೊಂಡಿರುತ್ತಾರಂತೆ. ಎಲ್ಲಕ್ಕಿಂತ ಕಷ್ಟ ಹೆಸರುಗಳು, ಯಾಕಂದರೆ ಹೆಸರಿಗೆ ಬದಲಿ ಇಲ್ಲ. ಇದರಿಂದ ಕಥೆಗೇ ಒಂದು ದಾರಿ ಸಿಕ್ಕಿತು. ಈಗ ಅಂದಾನಿ ಅವಳನ್ನು ಹೆಸರು ಹಿಡಿದು ಕರೆಯೋದೇ ಇಲ್ಲ. "ತೋಟದವರೇ", "ಇವರೇ", ಆಮೇಲೆ ಬರೀ ಬಾಗಿಲ ಚಿಲಕ ಎರಡು ಸಲ ಅಲ್ಲಾಡಿಸುವುದು. ಅವನ ಬಾಯಲ್ಲಿ ಅವಳ ಹೆಸರು ಬರೋದು ಒಂದೇ ಒಂದು ಕಡೆ, ಎಲ್ಲಿ ಅಂತ ಈಗ ಹೇಳಲ್ಲ.

ಇನ್ನೊಬ್ಬರಿಗೆ ಪಾತ್ರಗಳು ಚಿಗಟದ ಮಾತೇ ಎತ್ತಲ್ಲ ಅನ್ನೋದು ಸರಿ ಕಾಣಲಿಲ್ಲ. ಎತ್ತೋಕೆ ಆಗಲ್ಲ. ಇಲಿಯ ಚಿಗಟದಿಂದ ಪ್ಲೇಗ್ ಹರಡುತ್ತೆ ಅಂತ ಪಾಲ್ ಲೂಯಿ ಸಿಮಾಂಡ್ ಕರಾಚಿಯಲ್ಲಿ ಕಂಡುಕೊಂಡಿದ್ದು ಅದೇ 1898ರಲ್ಲಿ, ವೈದ್ಯರೆಲ್ಲ ಒಪ್ಪೋಕೆ ಇನ್ನೂ ಎಷ್ಟೋ ವರ್ಷ ಹಿಡಿಯಿತು. ನಮ್ಮ ಜನಕ್ಕೆ ಗೊತ್ತಿದ್ದದ್ದು ಇಲಿ ಸತ್ತು ಬಿದ್ದರೆ ಮನೆ ಬಿಡಬೇಕು, ಊರಾಚೆ ಗುಡಿಸಲು ಹಾಕಿಕೊಳ್ಳಬೇಕು ಅನ್ನೋದು. ಕಾದಂಬರಿಯಲ್ಲಿ ಅಷ್ಟೇ ಇರುತ್ತೆ.

ಈಗ ಬಹಳ ಚರ್ಚೆಯಾದ ವಿಷಯ. "ಆ ಕಾಲದಲ್ಲಿ ವಿಧವೆ ಮತ್ತೆ ಮದುವೆ ಆಗೋದಾ? ತಲೆ ಬೋಳಿಸಿ ಮೂಲೆಗೆ ಕೂರಿಸ್ತಿರಲಿಲ್ವಾ?" ಅಂತ ಮೂರು ನಾಲ್ಕು ಜನ ಕೇಳಿದರು. ನಾವು ಓದಿ ಬೆಳೆದ ವಿಧವೆಯರ ಕಥೆಗಳು ಹೆಚ್ಚಿನವು ಬ್ರಾಹ್ಮಣ ಮನೆಗಳವು, ಅದಕ್ಕೇ ಈ ಚಿತ್ರ ತಲೆಯಲ್ಲಿ ಕೂತುಬಿಟ್ಟಿದೆ. ಮೈಸೂರು ಸೀಮೆಯ ದುಡಿಯುವ ಎಷ್ಟೋ ಜಾತಿಗಳಲ್ಲಿ ಕೂಡಿಕೆ, ಅಂದರೆ ವಿಧವೆಯ ಮರುಮದುವೆ, ಇತ್ತು, ಕೆಲವರು ಉಡಿಕೆ ಅಂದರು. ಎಚ್.ವಿ. ನಂಜುಂಡಯ್ಯನವರು ಶುರು ಮಾಡಿ ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿದ ಜಾತಿ ಅಧ್ಯಯನದ ಸಂಪುಟಗಳಲ್ಲಿ ಇದರ ವಿವರ ಬೇಕಾದಷ್ಟಿದೆ. ಸಾಮಾನ್ಯವಾಗಿ ಚಪ್ಪರ ಇಲ್ಲ, ವಾಲಗ ಇಲ್ಲ, ಕತ್ತಲಾದ ಮೇಲೆ ಹೊಸ ಸೀರೆ ಕೊಟ್ಟು ತಾಳಿ ಕಟ್ಟೋದು. ಮುತ್ತೈದೆಯರು ದೂರ ನಿಲ್ಲುತ್ತಿದ್ದರು. ಮದುವೆಯಾಗೋಕೆ ದಾರಿ ಇತ್ತು, ಮರ್ಯಾದೆ ಮಾತ್ರ ಅರ್ಧ.

ಇದಕ್ಕೆ ಬೆಲೆಯೂ ಇತ್ತು. ಕೂಡಿಕೆಯಾದವಳಿಗೆ ಮೊದಲ ಗಂಡನ ಆಸ್ತಿಯ ಮೇಲೆ ಹಕ್ಕು ಹೋಗುತ್ತಿತ್ತು. ಅಂದರೆ ಮುನಿಯಮ್ಮ ಅಂದಾನಿಯನ್ನು ಕಟ್ಟಿಕೊಂಡರೆ ತೋಟ ಮೈದುನನ ಪಾಲು. ಅವಳೇ ಅಗೆದು, ಅವಳೇ ಏತದ ನೀರು ಕಟ್ಟಿ ಉಳಿಸಿಕೊಂಡ ತೋಟ. ಕಥೆಯ ಜೀವ ಇರೋದು ಇಲ್ಲೇ ಅಂತ ನನಗನ್ನಿಸುತ್ತೆ. ಓದಿದವರೂ ಇಲ್ಲೇ ಎರಡು ಭಾಗವಾದರು. ಗೆಳತಿಗೆ ಅವಳು ತೋಟ ಬಿಟ್ಟು ಹೋಗಬೇಕು, ಪ್ರೀತಿಗೆ ಅಷ್ಟೂ ಮಾಡದಿದ್ದರೆ ಹೇಗೆ ಅನ್ನುತ್ತಾಳೆ. ಚಿಕ್ಕಮ್ಮನಿಗೆ ಅದು ಸುತರಾಂ ಇಷ್ಟವಿಲ್ಲ: "ಬಿಡೋದಾದ್ರೆ ಅವನೇ ಏನಾದ್ರೂ ಬಿಡಲಿ. ಅವಳು ಬಿಟ್ಟಿದ್ದು ಸಾಕು." ನಾನು ಚಿಕ್ಕಮ್ಮನ ಪರ. ತಾಳಿ ಇಲ್ಲದೆ, ತೋಟದ ಅಂಚಿನ ಗುಡಿಸಲಲ್ಲಿ ಅವನು, ಹೆಂಚಿನ ಮನೆಯಲ್ಲಿ ಅವಳು, ಊರಿನ ಬಾಯಿ ಊರಿಗೆ. ಹಾಗೆ ಬರೆದು ನೋಡುತ್ತಿದ್ದೇನೆ.

1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಶುರುವಾಗುವ ದಿನದ ಕೊನೆಯ ಅಧ್ಯಾಯ ತೆಗೆದೆ. ಮೇಷ್ಟ್ರಿಗೆ ಬೇಜಾರಾಗಬಹುದು, ಆದರೆ ಅಲ್ಲಿ ವೈಸ್‌ರಾಯ್ ಕರ್ಜನ್‌ನ ಗದ್ದಲದಲ್ಲಿ ಇವರಿಬ್ಬರೂ ಕಾಣಿಸುತ್ತಲೇ ಇರಲಿಲ್ಲ.

ಮುಂದಿನ ಕೆಲಸ ಮೈದುನನ ಪಾತ್ರ, ಅವನು ಈಗ ಬರೀ ಕೆಟ್ಟವನಾಗಿ ನಿಂತಿದ್ದಾನೆ, ಅವನಿಗೂ ಪ್ಲೇಗಿನಲ್ಲಿ ಕಳೆದುಕೊಂಡದ್ದು ಏನಾದರೂ ಇರಬೇಕು. ಜೊತೆಗೆ ಒಂದು ಕೇಳಿಕೆ: ನಿಮ್ಮ ಮನೆಯ ಅಜ್ಜಿಯರು ಯಾರಾದರೂ ಕೂಡಿಕೆ ಮದುವೆಯ ಬಗ್ಗೆ ಹೇಳಿದ್ದರೆ, ಆ ರಾತ್ರಿ ಅಡುಗೆ ಯಾರು ಮಾಡಿದರು, ಏನು ಬಡಿಸಿದರು, ಮಕ್ಕಳು ಎಲ್ಲಿದ್ದರು, ಇಷ್ಟು ಬರೆದು ಕಳಿಸಿ. ಅಂಥ ಸಣ್ಣ ಸಂಗತಿಗಳು ನನಗೆ ಸಿಕ್ಕ ಪುಸ್ತಕಗಳಲ್ಲಿ ಇಲ್ಲ.