ಗುಂಯ್ ಅಂತಿದ್ರೆ ಮೊದಲು ಚಾರ್ಜರ್ ಕಿತ್ತು ನೋಡಿ: ಶಿರಸಿ-ಕರಾವಳಿಯ ಮನೆ ರೆಕಾರ್ಡಿಂಗ್ ಕೆಲಸದಲ್ಲಿ ಕಲಿತದ್ದು

ಶಿರಸೀಲಿ ಮನೆಯ ಒಂದು ರೂಮಲ್ಲಿ ರೆಕಾರ್ಡಿಂಗ್ ಮಾಡಿಕೊಡೋದು ನನ್ನ ಕೆಲಸ. ತಾಳಮದ್ದಲೆ (ವೇಷ, ಕುಣಿತ ಇಲ್ಲದೆ ಕೂತು ಮಾಡೋ ಯಕ್ಷಗಾನ), ಯಕ್ಷಗಾನದ ಪದ, ಭಜನೆ, ಮದುವೆ ಹಾಡು, ಶಾಲೆ ಮಕ್ಕಳ ನಾಟಕದ ಹಿನ್ನೆಲೆ ಸಂಗೀತ, ಬಂದದ್ದೆಲ್ಲಾ ಮಾಡ್ತೇನೆ. ಈಗೀಗ ಒಂದು ಆಡಿಯೋ ಇಂಟರ್‌ಫೇಸು (ಮೈಕನ್ನ ಕಂಪ್ಯೂಟರಿಗೆ ಜೋಡಿಸೋ ಡಬ್ಬಿ), ಒಂದು ಮೈಕು ತಗೊಂಡು ಮನೇಲೇ ಶುರು ಮಾಡಿದವರು ಸುಮಾರು ಜನ ಇದ್ದಾರೆ, ಕುಮಟಾ, ಹೊನ್ನಾವರ, ಕಾರವಾರ ಕಡೆಯಿಂದೆಲ್ಲಾ ಫೋನ್ ಬರ್ತದೆ, ಫೋನಲ್ಲಿ ಬಗೆಹರೀದೆ ಇದ್ರೆ ದೇವಿಮನೆ ಘಟ್ಟ ಇಳಿದು ಹೋಗಿ ನೋಡೋದೂ ಇದೆ. ಫೋನ್ ಮಾಡಿದವರು ಹೇಳೋದು ಹೆಚ್ಚಾಗಿ ಒಂದೇ ಮಾತು: "ತಮಾ, ಸಾಫ್ಟ್‌ವೇರೇ ಹಾಳಾಗೋಯ್ದು ಕಾಣ್ತು, ಎಲ್ಲಾ ತೆಗದು ಹೊಸತಾಗಿ ಹಾಕಿಕೊಡು." ಹೋಗಿ ನೋಡಿದ್ರೆ ಸಾಫ್ಟ್‌ವೇರಿಗೆ ಏನೂ ಆಗಿರೋದಿಲ್ಲ. ತೊಂದ್ರೆ ಇರೋದು ಕರೆಂಟಲ್ಲಿ, ಇಲ್ಲಾ ಕೇಬಲ್ಲಲ್ಲಿ, ಇಲ್ಲಾ ನಮ್ಮ ಊರಿನ ಥಂಡಿಯಲ್ಲಿ. ಹಾಗಾಗಿ ನಾನು ಯಾವಾಗ್ಲೂ ಹುಡುಕೋದು ಗೋಡೆಯ ಪ್ಲಗ್ಗಿಂದ, ಅಲ್ಲಿಂದ ಕೇಬಲ್ಲು, ಮೈಕು, ಇಂಟರ್‌ಫೇಸು, ಕಟ್ಟಕಡೆಗೆ ಕಂಪ್ಯೂಟರ್ ಸ್ಕ್ರೀನು. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದನ್ನ ಒಂದು ಚೀಟಿ ಮೇಲೆ ಬರ್ಕೊಳ್ಳೋದು. ನಾಲ್ಕು ಬದಲಾವಣೆ ಒಟ್ಟಿಗೆ ಮಾಡಿದಾಗ ಸರಿಯಾದ್ರೂ ಯಾವುದ್ರಿಂದ ಸರಿಯಾಯ್ತು ಅಂತ ಗೊತ್ತಾಗೋದಿಲ್ಲ, ಮುಂದಿನ ವಾರ ಅದೇ ತೊಂದ್ರೆ ಬಂದಾಗ ಮತ್ತೆ ಮೊದಲಿಂದ ಶುರು.

ಗುಂಯ್ ಸದ್ದಿನ ವಿಷಯ ಮೊದಲು ಹೇಳ್ತೇನೆ, ಯಾಕಂದ್ರೆ ಅರ್ಧಕ್ಕರ್ಧ ಫೋನು ಅದಕ್ಕೇ. ಲ್ಯಾಪ್‌ಟಾಪಲ್ಲಿ ರೆಕಾರ್ಡಿಗಿಟ್ಟು, ಹೆಡ್‌ಫೋನ್ ಹಾಕ್ಕೊಂಡು, ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತು ಹೋದ್ರೆ ಮೈಕಿಗೆ ಏನೂ ಆಗಿಲ್ಲ, ಅರ್ಥಿಂಗ್ ತೊಂದ್ರೆ. ನಮ್ಮ ಕರೆಂಟು 50 ಹರ್ಟ್ಜಿಂದು, ಅದಕ್ಕೇ ರೆಕಾರ್ಡ್ ಮಾಡಿದ್ದನ್ನ ಸ್ಪೆಕ್ಟ್ರಮ್‌ನಲ್ಲಿ, ಅಂದ್ರೆ ಯಾವ ಹರ್ಟ್ಜಿನ ಸದ್ದು ಎಷ್ಟು ಜೋರು ಅಂತ ತೋರಿಸೋ ಚಿತ್ರದಲ್ಲಿ ನೋಡಿದ್ರೆ 50, 100, 150ರ ಹತ್ರ ಗೂಟ ನಿಲ್ಲಿಸಿದ ಹಾಗೆ ಗೆರೆ ಕಾಣ್ತದೆ (ರೆಕಾರ್ಡಿಂಗ್ ಸಾಫ್ಟ್‌ವೇರ್ ಆಡಾಸಿಟಿ ಇದ್ರೆ ಅದರಲ್ಲಿ ಪ್ಲಾಟ್ ಸ್ಪೆಕ್ಟ್ರಮ್ ಅಂತಿದೆ, ರೀಪರಲ್ಲಿ ಈಕ್ಯೂ ಹಾಕಿದ್ರೇ ಕಾಣ್ತದೆ). ದಪ್ಪ ಗುಂಯ್ ಆದ್ರೆ ಸಾಮಾನ್ಯವಾಗಿ ಅರ್ಥಿಂದು. ತೀಕ್ಷ್ಣವಾಗಿ ಜುಂಯ್ ಅಂತಿದ್ರೆ ಫ್ಯಾನ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ಬಲ್ಬು, ಇನ್ವರ್ಟರು ಇವನ್ನ ಒಂದೊಂದೇ ಬಂದ್ ಮಾಡಿ ನೋಡಬೇಕು. ಮೌಸ್ ಅಲ್ಲಾಡಿಸಿದ ಹಾಗೆ ಸದ್ದೂ ಬದಲಾಗ್ತದೆ, ಸಣ್ಣಗೆ ಚೀಂ ಅಂತದೆ ಅಂದ್ರೆ ಯುಎಸ್‌ಬಿ ಮೂಲಕ ಬರ್ತಾ ಇದೆ ಅಂತ, ಆಗ ಹಬ್ ತೆಗೆದು ಇಂಟರ್‌ಫೇಸನ್ನ ನೇರ ಲ್ಯಾಪ್‌ಟಾಪಿಗೇ ಹಾಕಿ, ಬೇರೆ ಪೋರ್ಟಲ್ಲೂ ಹಾಕಿ ನೋಡಿ.

ಇನ್ವರ್ಟರ್ ಬಗ್ಗೆ ಒಂದು ಮಾತು. ಅಗ್ಗದ ಇನ್ವರ್ಟರು ಕೊಡೋ ಕರೆಂಟು ಶುದ್ಧ ಸೈನ್ ವೇವ್ ಅಲ್ಲ, ಚೌಕಾಕಾರದ್ದು, ಅದರಲ್ಲಿ ಮೇಲಿನ ಹಾರ್ಮೋನಿಕ್ಸ್ (50ರ ಮಗ್ಗಿಯಲ್ಲಿ ಬರೋ ಮೇಲಿನ ಸದ್ದುಗಳು) ತುಂಬಿರ್ತದೆ, ಹಾಗಾಗಿ ಕರೆಂಟು ಹೋಗಿ ಇನ್ವರ್ಟರ್ ಶುರುವಾದ ಕ್ಷಣದಿಂದ ಟ್ರ್ಯಾಕಲ್ಲಿ ಜುಂಯ್ ಬಂದು ಕೂರ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗೋದು ಇದ್ದದ್ದೇ. ಲ್ಯಾಪ್‌ಟಾಪು ಬ್ಯಾಟರಿ ಮೇಲೆ, ಇಂಟರ್‌ಫೇಸು ಯುಎಸ್‌ಬಿ ಪವರ್ ಮೇಲೆ ಇಟ್ಟು ಹಾಡುಗಾರಿಕೆ ಮಾಡಿಸೋದು ನನಗೆ ಎಷ್ಟೋ ನಿಶ್ಚಿಂತೆ. ಬ್ಯಾಟರಿ ಒಳ್ಳೇದು ಹಾಕಿಸ್ಕೊಳ್ಳಿ, ಹೊಸ ಮೈಕಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರ್ತದೆ.

ಅರ್ಥ್ ಪಿನ್ ಮುರಿದು ಹಾಕಿದ್ರೆ ಸದ್ದು ಹೋಗ್ತದೆ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಕೇಳಬೇಡಿ. ಸದ್ದು ಹೋಗಬಹುದು, ಆದ್ರೆ ಎಲ್ಲೋ ಲೀಕೇಜ್ ಇದ್ದ ದಿನ ಆ ಕರೆಂಟು ಮೈಕಿನ ಜಾಳಿಗೆಗೆ ಬಂದು ನಿಲ್ತದೆ, ಅದಕ್ಕೆ ತುಟಿ ತಾಗೋದು ಹಾಡೋ ಭಾಗವತರದ್ದು. ಮೈಕ್ ಮುಟ್ಟಿದಾಗ ಚುರ್ ಅಂತ ಹೊಡೀತದೆ ಅಂದ್ರೆ ಅವತ್ತಿನ ರೆಕಾರ್ಡಿಂಗ್ ನಿಲ್ಲಿಸಿ ವೈರಿಂಗಿನವರನ್ನ ಕರೀರಿ, ಇದರಲ್ಲಿ ಬೇರೆ ಮಾತೇ ಇಲ್ಲ. ನಮ್ಮ ಕಡೆ ಚಿರೇಕಲ್ಲಿನ ನೆಲ, ಏಪ್ರಿಲ್-ಮೇ ಹೊತ್ತಿಗೆ ಒಣಗಿ ಅರ್ಥಿಂಗ್ ಸರಿಯಾಗಿ ಸಿಗೋದಿಲ್ಲ, ಮಳೆಗಾಲದಲ್ಲಿ ಇಲ್ಲದ ಗುಂಯ್ ಬೇಸಿಗೇಲಿ ಬರ್ತದೆ ಅಂದ್ರೆ ಇದೇ ಕಾರಣ ಇರಬಹುದು. ಅರ್ಥ್ ಗುಂಡಿಗೆ ಬೇಸಿಗೇಲಿ ನೀರು ಹಾಕ್ತಾ ಇರಬೇಕು, ಅದು ಹಳೇ ಪದ್ಧತಿ, ಸರಿಯಾದ ಪದ್ಧತಿ. ಮತ್ತೆ ಲ್ಯಾಪ್‌ಟಾಪು, ಸ್ಪೀಕರು, ಕೀಬೋರ್ಡು, ಶ್ರುತಿಪೆಟ್ಟಿಗೆ ಎಲ್ಲಾನೂ ಒಂದೇ ಬೋರ್ಡಿಂದ ತಗೊಳ್ಳಿ, ಒಂದನ್ನ ಈ ರೂಮಿಂದ ಇನ್ನೊಂದನ್ನ ಜಗಲಿಯಿಂದ ಎಳೆದ್ರೆ ಎರಡು ಅರ್ಥಿನ ಮಧ್ಯ ಸುತ್ತು ಬಂದು ಹಮ್ ಶುರುವಾಗ್ತದೆ. ಕೀಬೋರ್ಡಿಂದ ಉದ್ದದ ಸಾದಾ ಜ್ಯಾಕ್ ಕೇಬಲ್ ಎಳೆಯೋದಾದ್ರೆ ಮಧ್ಯ ಒಂದು ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನ ಮೈಕಿನ ಕೇಬಲ್ಲಿಗೆ ಹೊಂದಿಸೋ ಡಬ್ಬಿ) ಹಾಕಿ, ಅದರಲ್ಲಿ ಗ್ರೌಂಡ್ ಲಿಫ್ಟ್ ಅಂತ ಸ್ವಿಚ್ ಇರ್ತದೆ. ಅದು ಸಿಗ್ನಲ್ಲಿನ ಗ್ರೌಂಡನ್ನ ಮಾತ್ರ ಬೇರೆ ಮಾಡೋದು, ಪ್ಲಗ್ಗಿನ ಅರ್ಥನ್ನ ಮುಟ್ಟೋದಿಲ್ಲ, ಹಾಗಾಗಿ ಅದಕ್ಕೆ ಹೆದರಬೇಕಾಗಿಲ್ಲ.

ಇನ್ನು ಥಂಡಿ. ಕಾರವಾರ, ಅಂಕೋಲಾ ಕಡೆ ಸಮುದ್ರದ ಗಾಳಿ, ಶಿರಸಿ ಕಡೆ ತಿಂಗಳುಗಟ್ಟಲೆ ಮಳೆ, ಎರಡೂ ಕಂಡೆನ್ಸರ್ ಮೈಕಿಗೆ ಆಗೋದಿಲ್ಲ. ಆ ಮೈಕಿನೊಳಗೆ ತೆಳ್ಳಗಿನ ಪೊರೆ ಮತ್ತೆ ಹಿಂದಿನ ಪ್ಲೇಟಿನ ನಡುವೆ ಕೂದಲೆಳೆಯಷ್ಟು ಜಾಗದಲ್ಲಿ ಚಾರ್ಜ್ ನಿಂತಿರ್ತದೆ, ತೇವ ಸೇರಿದ್ರೆ ಆ ಚಾರ್ಜ್ ಅಲ್ಲಲ್ಲಿ ಸೋರಿ ಚಟಪಟ ಅಂತದೆ, ಕೇಳಿದವರಿಗೆ ಬಫರ್ (ಕಂಪ್ಯೂಟರ್ ಸದ್ದನ್ನ ತುಂಡು ತುಂಡಾಗಿ ಕೂಡಿಟ್ಟು ಕಳಿಸೋ ಜಾಗ) ತೊಂದ್ರೆ ಅಂತಲೇ ಅನಿಸ್ತದೆ. ಗುರುತು ಹಿಡಿಯೋದು ಹೇಗಂದ್ರೆ ಅದೇ ಕೇಬಲ್ಲಿಗೆ, ಅದೇ ಚಾನೆಲ್ಲಿಗೆ ಒಂದು ಡೈನಾಮಿಕ್ ಮೈಕ್ (ಇಂಥ ಚಾರ್ಜ್ ಇಲ್ಲದೆ ಕೆಲಸ ಮಾಡೋ ಸಾದಾ ಮೈಕು) ಹಾಕಿ ನೋಡೋದು, ಚಟಪಟ ನಿಂತ್ರೆ ಸೆಟ್ಟಿಂಗ್ ಮುಟ್ಟೋದೇ ಬೇಡ, ಮೈಕ್ ಒಣಗಬೇಕು ಅಷ್ಟೆ. ಬಿಗಿಯಾಗಿ ಮುಚ್ಚೋ ಸ್ಟೀಲ್ ಡಬ್ಬಿ ಅಥವಾ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿಯೊಳಗೆ ಸಿಲಿಕಾ ಜೆಲ್ ಹಾಕಿ ಒಂದೆರಡು ದಿನ ಇಡಿ. ಬಿಸಿಲಲ್ಲಿ, ಅಡಿಕೆ ಒಣಗಿಸೋ ಡ್ರೈಯರ್ ಹತ್ರ ಇಡಬೇಡಿ, ಪೊರೆ ಹಾಳಾಗ್ತದೆ. ಅಕ್ಕಿಯಲ್ಲಿ ಹುಗಿಯೋದೂ ಬೇಡ, ಅದರ ಧೂಳು ಒಳಗೆ ಹೋಗ್ತದೆ. ನೀಲಿ ಸಿಲಿಕಾ ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ತೇವ ಕುಡಿದು ಮುಗಿದಿದೆ ಅಂತರ್ಥ, ಸಣ್ಣ ಉರಿಯಲ್ಲಿ ಬಿಸಿ ಮಾಡಿದ್ರೆ ಮತ್ತೆ ನೀಲಿ ಆಗ್ತದೆ, ಆದ್ರೆ ಆ ನೀಲಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರ್ತದೆ, ಅದು ವಿಷ, ಅಡುಗೆ ಪಾತ್ರೆ ಉಪಯೋಗಿಸಬೇಡಿ, ಕಿಟಕಿ ತೆಗೆದಿಟ್ಟು ಮಾಡಿ. ಕಿತ್ತಳೆ ಬಣ್ಣದ್ದು ಸಿಕ್ಕಿದ್ರೆ ಅದನ್ನೇ ತಗೊಳ್ಳಿ. ಸಮುದ್ರದ ಹತ್ರದ ಮನೆಗಳಲ್ಲಿ ಇನ್ನೊಂದು, ಕೇಬಲ್ ಪಿನ್ನಿನ ಮೇಲೆ ಹಸಿರು ಕಿಲುಬು ಹಿಡೀತದೆ, ಸದ್ದು ಬರ್ತದೆ ಹೋಗ್ತದೆ ಮಾಡ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಒಂಚೂರು ಹೊಡೆದು ನಾಲ್ಕೈದು ಸಲ ಹಾಕಿ ತೆಗೆದು ಮಾಡಿ. ಎರಡು ಕೇಬಲ್ ಯಾವಾಗ್ಲೂ ಹೆಚ್ಚಿಗೆ ಇರಲಿ.

ಸದ್ದೇ ಬರ್ತಾ ಇಲ್ಲ ಅಂದ್ರೆ ಇಂಟರ್‌ಫೇಸಲ್ಲಿ 48 ವೋಲ್ಟಿನ ಫ್ಯಾಂಟಮ್ ಬಟನ್ (ಕೇಬಲ್ ಮೂಲಕವೇ ಮೈಕಿಗೆ ಕರೆಂಟು ಕಳಿಸೋದು) ಒತ್ತಿದ್ದೀರಾ ನೋಡಿ. ಕಂಡೆನ್ಸರಿಗೆ ಅದು ಬೇಕೇ ಬೇಕು.

ಈಗ ಕಂಪ್ಯೂಟರ್ ಕಡೆ ಬರೋಣ. ಮದ್ದಳೆಯವರು ಹೆಡ್‌ಫೋನ್ ಹಾಕ್ಕೊಂಡು ನುಡಿಸುವಾಗ "ಪೆಟ್ಟು ಹಿಂದೆ ಬೀಳ್ತದೆ, ತಾಳ ಕೂರೂದಿಲ್ಲ" ಅಂತಾರೆ. ಅವರ ಕಿವಿ ಸರಿಯಾಗೇ ಇದೆ, ಅದು ಲೇಟೆನ್ಸಿ, ಅಂದ್ರೆ ಸದ್ದು ಕಂಪ್ಯೂಟರ್ ಹೊಕ್ಕು ವಾಪಸ್ ಬರೋದಕ್ಕೆ ಆಗೋ ತಡ. ಬಫರ್ 1024 ಸ್ಯಾಂಪಲ್ ಇಟ್ಟು 48000ದಲ್ಲಿ (ಸೆಕೆಂಡಿಗೆ ಇಷ್ಟು ಸ್ಯಾಂಪಲ್, ಇದಕ್ಕೇ ಸ್ಯಾಂಪಲ್ ರೇಟ್ ಅನ್ನೋದು) ರೆಕಾರ್ಡ್ ಮಾಡಿದ್ರೆ ಒಂದು ಕಡೆಗೇ ಸುಮಾರು 21 ಮಿಲಿಸೆಕೆಂಡ್ ತಡ ಆಗ್ತದೆ. ಶಬ್ದ ಗಾಳಿಯಲ್ಲಿ 1 ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗೋದು, ಲೆಕ್ಕ ಹಾಕಿದ್ರೆ 7 ಮೀಟರ್ ದೂರದಲ್ಲಿ ಕೂತವರಿಗೆ ನುಡಿಸಿದ ಹಾಗೆ ಆಯ್ತು, ಹೋಗಿ ಬರೋದು ಎರಡೂ ಸೇರಿದ್ರೆ ಅದರ ದುಪ್ಪಟ್ಟು. ಹಿಮ್ಮೇಳದವರು ಒಬ್ಬರಿಗೊಬ್ಬರು ಮೊಣಕಾಲು ತಾಗೋ ಹಾಗೆ ಕೂತು ಅಭ್ಯಾಸ ಇರೋರು, ಅವರಿಗೆ ಇದು ಹೇಗೆ ಸರಿಯಾಗ್ತದೆ? ರೆಕಾರ್ಡ್ ಮಾಡುವಾಗ 128ಕ್ಕೆ ಇಳಿಸಿ, 2.7 ಮಿಲಿಸೆಕೆಂಡ್ ಆಗ್ತದೆ, ಮಿಕ್ಸಿಂಗಿಗೆ ಕೂತಾಗ ಮತ್ತೆ 1024ಕ್ಕೆ ಏರಿಸಿ, ಆಗ ಕಂಪ್ಯೂಟರಿಗೆ ಉಸಿರಾಡೋದಕ್ಕೆ ಜಾಗ ಸಿಗ್ತದೆ. ವಿಂಡೋಸಲ್ಲಿ ಇಂಟರ್‌ಫೇಸ್ ಕಂಪನಿಯವರೇ ಕೊಟ್ಟ, ತಡ ಕಡಿಮೆ ಮಾಡೋ ಎಎಸ್‌ಐಒ ಡ್ರೈವರನ್ನೇ ಹಾಕಿ. ಇಂಟರ್‌ಫೇಸಲ್ಲಿ ಡೈರೆಕ್ಟ್ ಮಾನಿಟರ್ ಸ್ವಿಚ್ (ಕಂಪ್ಯೂಟರಿಗೆ ಹೋಗೋ ಮೊದಲೇ ಸದ್ದನ್ನ ಹೆಡ್‌ಫೋನಿಗೆ ಕೊಡೋದು) ಇದ್ರೆ ಇನ್ನೂ ಒಳ್ಳೇದು, ಆದ್ರೆ ಅದನ್ನ ಹಾಕಿದ ಮೇಲೆ ಸಾಫ್ಟ್‌ವೇರಿನ ಮಾನಿಟರ್ ಬಂದ್ ಮಾಡಬೇಕು, ಎರಡೂ ಇದ್ರೆ ಧ್ವನಿ ಜೋಡಿ ಜೋಡಿಯಾಗಿ ಕೊಳವೆಯೊಳಗಿಂದ ಬಂದ ಹಾಗೆ ಕೇಳ್ತದೆ. ಬ್ಲೂಟೂತ್ ಹೆಡ್‌ಫೋನು ಹಾಡು ಕೇಳೋದಕ್ಕೆ ಇಟ್ಕೊಳ್ಳಿ, ರೆಕಾರ್ಡಿಂಗಿಗೆ ಬೇಡವೇ ಬೇಡ.

ಬಫರ್ ಸರಿ ಇದ್ರೂ ಟಪ್ ಟಪ್ ಅಂತಿದ್ರೆ ವೈಫೈ ಬಂದ್ ಮಾಡಿ ನೋಡಿ, ಪವರ್ ಪ್ಲಾನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನೋದನ್ನ ತೆಗೀರಿ. ಲೇಟೆನ್ಸಿಮಾನ್ ಅಂತ ಒಂದು ಪ್ರೋಗ್ರಾಂ ಇದೆ, ಯಾವ ಡ್ರೈವರ್ ಅಡ್ಡ ಬರ್ತಾ ಇದೆ ಅಂತ ಹೆಸರು ಹಿಡಿದು ತೋರಿಸ್ತದೆ.

ಶ್ರುತಿ ಬದಲಾಗೋದು ಇನ್ನೊಂದು, ಇದಕ್ಕೆ ಹಾಡೋರು ತುಂಬಾ ಗಾಬರಿ ಆಗ್ತಾರೆ. 44100ದಲ್ಲಿ ಮಾಡಿದ ರೆಕಾರ್ಡಿಂಗು 48000 ಅಂತ ತಿಳ್ಕೊಂಡು ಓಡಿದ್ರೆ ವೇಗವೂ ಹೆಚ್ಚು, ಶ್ರುತಿಯೂ ಹಾರ್ಮೋನಿಯಂ ಲೆಕ್ಕದಲ್ಲಿ ಸುಮಾರು ಒಂದೂವರೆ ಮನೆ ಮೇಲೆ. ಬಿಳಿ 4ರಲ್ಲಿ ಹಾಡಿದ್ದು ಕಪ್ಪು 3ಕ್ಕೂ ಅಲ್ಲ, ಬಿಳಿ 5ಕ್ಕೂ ಅಲ್ಲ, ನಡುವೆ ಎಲ್ಲೋ ಹೋಗಿ ನಿಲ್ತದೆ. ಹಾರ್ಮೋನಿಯಂ ಜೊತೆ ಇಟ್ಟು ನೋಡಿದಾಗ ಯಾವ ಮನೆಗೂ ಕೂರದೆ ಇದ್ರೆ ಮೊದಲು ಸ್ಯಾಂಪಲ್ ರೇಟ್ ನೋಡಿ, ಹಾಡಿದವರನ್ನ ಅನುಮಾನಿಸಬೇಡಿ. ಪ್ರಾಜೆಕ್ಟಲ್ಲಿ, ಇಂಟರ್‌ಫೇಸಲ್ಲಿ, ವಿಂಡೋಸ್ ಸೌಂಡ್ ಸೆಟ್ಟಿಂಗಲ್ಲಿ ಮೂರೂ ಕಡೆ ಒಂದೇ ಸಂಖ್ಯೆ ಇರಬೇಕು. ವಿಡಿಯೋಕ್ಕೆ ಹೋಗೋ ಕೆಲಸ ಹೆಚ್ಚು ಇರೋದ್ರಿಂದ ನಾನು ಎಲ್ಲಾ ಕಡೆ 48000 ಇಟ್ಟುಬಿಟ್ಟಿದ್ದೇನೆ.

ಲೆವೆಲ್ ವಿಷಯದಲ್ಲಿ ನಮ್ಮ ವಾದ್ಯಗಳಿಗೆ ತಕ್ಕ ಹಾಗೆ ಯೋಚನೆ ಮಾಡಬೇಕು. ಇಂಗ್ಲಿಷ್ ವಿಡಿಯೋಗಳಲ್ಲಿ ಗಿಟಾರಿಗೆ ಹೇಳಿದ್ದನ್ನ ಚಂಡೆಗೆ ಹಾಕಿದ್ರೆ ಆಗೋದಿಲ್ಲ. ಶುರುವಿನ ಸಾವಕಾಶದ ಪದ್ಯಕ್ಕೆ ಗೇನ್ (ಇಂಟರ್‌ಫೇಸಲ್ಲಿ ಮೈಕಿನ ಸದ್ದು ಏರಿಸೋ ಗುಂಡಿ) ಇಟ್ಟು, ಯುದ್ಧದ ಏರು ಪದ್ಯಕ್ಕೆ ಬರುವಷ್ಟರಲ್ಲಿ ಕೆಂಪು ದೀಪ ಹತ್ತಿ ಕೂತಿರ್ತದೆ, ಇಂಟರ್‌ಫೇಸಲ್ಲೇ ಒಡೆದ ಸದ್ದನ್ನ ಆಮೇಲೆ ಫೇಡರ್ ಇಳಿಸಿ ಸರಿ ಮಾಡೋಕೆ ಬರೋದಿಲ್ಲ. ಅದಕ್ಕೆ ಟೆಸ್ಟ್ ಮಾಡುವಾಗಲೇ "ಚಂಡೆಯವ್ರೇ, ಜೋರಿಂದೇ ಒಂದು ನುಡಿಸಿ" ಅಂತ ಕೇಳ್ಕೊಂಡು, ಆ ಪೆಟ್ಟು ಮೈನಸ್ 12 ಡಿಬಿ ಹತ್ರ ನಿಲ್ಲೋ ಹಾಗೆ ಇಡ್ತೇನೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದ್ರೆ ಸಣ್ಣ ಲೆವೆಲ್ ಆಯ್ತು ಅಂತ ಚಿಂತೆ ಬೇಡ, 16 ಬಿಟ್ಟಿಗೆ 96 ಡಿಬಿ ಆದ್ರೆ ಇದಕ್ಕೆ ಲೆಕ್ಕದ ಪ್ರಕಾರ 144 ಡಿಬಿ ಅವಕಾಶ ಇದೆ. ಚಂಡೆಗೆ ಡೈನಾಮಿಕ್ ಮೈಕು ಸಾಕು. ಅರ್ಥಧಾರಿಗಳಿಗೆ (ತಾಳಮದ್ದಲೆಯಲ್ಲಿ ಪಾತ್ರದ ಮಾತಾಡೋರಿಗೆ) ಮೈಕು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ, ಪಕಾರ ಬಕಾರಕ್ಕೆ ಗಾಳಿ ಹೊಡೀದ ಹಾಗೆ.

ರೂಮು ಸರಿ ಇದ್ರೆ ಪ್ಲಗಿನ್ (ಸದ್ದು ತಿದ್ದೋ ಸಣ್ಣ ಸಾಫ್ಟ್‌ವೇರು) ಅರ್ಧ ಕಮ್ಮಿ ಬೇಕಾಗ್ತದೆ. ಸಿಮೆಂಟ್ ನೆಲ, ಬರೀ ಗೋಡೆ ಇರೋ ರೂಮಲ್ಲಿ ಸದ್ದು ಬಡಿದು ವಾಪಸ್ ಬರ್ತದೆ, ಹಾಡೋರ ಹಿಂದುಗಡೆ ದಪ್ಪ ಕಂಬಳಿ ಎರಡು ಪದರ ಮಾಡಿ ಗೋಡೆಯಿಂದ ಒಂದು ಗೇಣು ಮುಂದೆ ಕಟ್ಟಿ. ಮೊಟ್ಟೆ ಟ್ರೇ ಅಂಟಿಸೋದ್ರಿಂದ ಹೇಳುವಂಥ ಪ್ರಯೋಜನ ಇಲ್ಲ. ಆದ್ರೆ ಮಳೆಗೆ ಏನು ಮಾಡೋದು? ಮೇಳಗಳ ತಿರುಗಾಟ ನಿಲ್ಲೋದು ಮಳೆಗಾಲದಲ್ಲಿ, ತಾಳಮದ್ದಲೆ ಜೋರಾಗಿ ನಡೆಯೋದೂ ಆಗಲೇ, ಹಾಗಾಗಿ ಮಳೆ ನಿಂತ ಮೇಲೆ ರೆಕಾರ್ಡ್ ಮಾಡ್ತೇನೆ ಅಂದ್ರೆ ಆಗೋದಿಲ್ಲ. ಹಂಚಿನ ಮಾಡಿನ ಕೆಳಗೆ ಅಟ್ಟ ಇರೋ ರೂಮು ಎಷ್ಟೋ ವಾಸಿ, ತಗಡಿನ ಶೀಟಿನ ಕೆಳಗೆ ಕಷ್ಟ. ಮೈಕು ಬಾಯಿಗೆ ಹತ್ರ, ಮೈಕಿನ ಬೆನ್ನು ಮಳೆ ಸದ್ದು ಬರೋ ಕಡೆಗೆ. ಯಾರೂ ಮಾತಾಡದೆ ಬರೀ ಮಳೆಯ ಸದ್ದನ್ನ ಅರ್ಧ ನಿಮಿಷ ಬೇರೆ ತಗೊಳ್ಳಿ, ನಾಯ್ಸ್ ರಿಡಕ್ಷನ್ನಿಗೆ ಅದು ಮಾದರಿ ಆಗ್ತದೆ. 6ರಿಂದ 8 ಡಿಬಿ ಕಡಿಮೆ ಮಾಡಿ ಬಿಟ್ಟುಬಿಡಿ, ಪೂರ್ತಿ ತೆಗೆಯೋಕೆ ಹೋದ್ರೆ ಅರ್ಥಧಾರಿಗಳ ಸ್ವರ ನೀರೊಳಗಿಂದ ಬಂದ ಹಾಗೆ ಆಗ್ತದೆ. ಮಾತು ಸ್ಪಷ್ಟ ಕೇಳಿದ್ರೆ ಹಿಂದೆ ಸ್ವಲ್ಪ ಮಳೆ ಇದ್ದದ್ದಕ್ಕೆ ನಮ್ಮ ಕಡೆ ಕೇಳೋರು ಯಾರೂ ಬೇಜಾರು ಮಾಡ್ಕೊಳ್ಳೋದಿಲ್ಲ.

ಗುಡುಗು ಶುರುವಾದ್ರೆ, ಅದೂ ಮೇ ತಿಂಗಳಿನ ಸಂಜೆ ಮಳೆಯಲ್ಲಿ, ಎಲ್ಲಾ ಪ್ಲಗ್ ಕಿತ್ತು ಇಂಟರ್ನೆಟ್ಟಿನ ವೈರನ್ನೂ ಕಂಪ್ಯೂಟರಿಂದ ತೆಗೀರಿ. ಸ್ವಿಚ್ ಬಂದ್ ಮಾಡಿದ್ರೆ ಸಾಲೋದಿಲ್ಲ.

ಫೈಲಿನ ಲೆಕ್ಕ: 24 ಬಿಟ್, 48000, ಒಂದು ಮೊನೊ ಟ್ರ್ಯಾಕಿಗೆ ಗಂಟೆಗೆ ಸುಮಾರು 520 ಎಂಬಿ. ಆರು ಮೈಕು, ನಾಲ್ಕು ತಾಸಿನ ತಾಳಮದ್ದಲೆ ಅಂದ್ರೆ 12 ಜಿಬಿ ದಾಟ್ತದೆ, ಜಾಗ ಮೊದಲೇ ನೋಡ್ಕೊಳ್ಳಿ. ಸಾದಾ ವೇವ್ ಫೈಲು 4 ಜಿಬಿಗಿಂತ ದೊಡ್ಡದಾಗೋಕೆ ಬರೋದಿಲ್ಲ, ಸ್ಟೀರಿಯೋ ಒಂದೇ ಫೈಲಲ್ಲಿ ತೆಗೆದ್ರೆ 4 ತಾಸಿನ ಹತ್ರ ಆ ಮಿತಿ ಬರ್ತದೆ, ರಾತ್ರಿಯಿಡೀ ಯಕ್ಷಗಾನದ ಆಟ ರೆಕಾರ್ಡ್ ಮಾಡೋರು ಆರ್‌ಎಫ್64 (4 ಜಿಬಿ ದಾಟಬಲ್ಲ ವೇವ್) ಆಯ್ಕೆ ಮಾಡಿ ಅಥವಾ ಪ್ರಸಂಗದ ನಡುವೆ ನಿಲ್ಲಿಸಿ ಹೊಸ ಫೈಲ್ ಶುರು ಮಾಡಿ. ವಿಡಿಯೋದವರು ಬೇರೆ ಇದ್ರೆ ಶುರುವಿಗೊಂದು, ಕೊನೆಗೊಂದು ಚಪ್ಪಾಳೆ ಹೊಡೆಸಿ, ಎರಡು ಯಂತ್ರದ ಗಡಿಯಾರ ಎಂದೂ ಪೂರ್ತಿ ಸಮ ಇರೋದಿಲ್ಲ, ಗಂಟೆಗಟ್ಟಲೆ ಹೋದ ಮೇಲೆ ತುಟಿಗೂ ಮಾತಿಗೂ ತಾಳೆ ತಪ್ತದೆ, ಎರಡು ಚಪ್ಪಾಳೆ ಇದ್ರೆ ಹೊಂದಿಸೋದು ಸುಲಭ. ಫೈಲಿಗೆ ತಾರೀಕು, ಊರು, ಪ್ರಸಂಗ, ಯಾರ ಮೈಕು ಅಂತ ಅವತ್ತೇ ಹೆಸರು ಹಾಕಿ, ಎರಡು ಡಿಸ್ಕಿಗೆ ಕಾಪಿ ಮಾಡಿ, ಒಂದು ಡಿಸ್ಕು ಬೇರೆ ಮನೇಲಿರಲಿ. ಕಲಾವಿದರಿಗೆ ಕೇಳೋದಕ್ಕೆ ಎಂಪಿ3 ಕಳಿಸಿದ್ರೆ ಸಾಕು, ಹಳ್ಳಿ ನೆಟ್ಟಲ್ಲಿ ವೇವ್ ಫೈಲ್ ಏರೋದಿಲ್ಲ. ಅವರೆಲ್ಲ ಕೇಳಿ ಆಗಬಹುದು ಅನ್ನೋವರೆಗೆ ಮೂಲ ಟ್ರ್ಯಾಕುಗಳನ್ನ ಅಳಿಸಬೇಡಿ.